ಹಿಂದಕ್ಕೆ ಏಳು ಹೆಜ್ಜೆ

ಕಮರಿಪೇಟೆಯ ಬಡಿಗ ಮಲ್ಲಿಕಸಾಬ ಬಾಗಿಲು, ಕಿಟಕಿ, ಮಂಚ, ತೊಟ್ಟಿಲು ಏನೆಲ್ಲ ಮಾಡಿದ್ದರೂ ಊರು ಅವನನ್ನು ನೆನೆಯುತ್ತಿದ್ದುದು ಒಂದೇ ಸಾಮಾನಿಗೆ. ಅದು ಪಾಂಗುಳಗಾಡಿ. ಎದ್ದು ನಿಲ್ಲಲು ಹವಣಿಸುವ ಕೂಸಿನ ಕೈಗೆ ಕೊಡುವ, ಮೂರು ಗಾಲಿಯ, ಎದೆಮಟ್ಟದ ಹಿಡಿಕೆಯ ಆ ಮರದ ಗಾಡಿಯನ್ನು ಹುಬ್ಬಳ್ಳಿಯಲ್ಲಿ ಹತ್ತು ಮಂದಿ ಮಾಡುತ್ತಿದ್ದರು. ಆದರೆ ಮಲ್ಲಿಕಸಾಬನ ಗಾಡಿ ಹಿಡಿದ ಕೂಸು ತಿಂಗಳೊಳಗೆ ಓಡುತ್ತದೆಂದು ಜನ ನಂಬಿದ್ದರು. ಕೈಗುಣ ಎನ್ನುತ್ತಿದ್ದರು. ತಿಂಗಳೊಳಗೆ ತಾನಾಗಿಯೇ ಓಡುವ ವಯಸ್ಸು ಬಂದ ಮೇಲೇ ಅವರು ಗಾಡಿ ಮಾಡಿಸುತ್ತಿದ್ದರು ಎಂಬುದು ಬೇರೆ ಮಾತು. ಮಲ್ಲಿಕಸಾಬನೂ ಅದನ್ನು ಬಾಯಿಬಿಟ್ಟು ಹೇಳಿದವನಲ್ಲ. ಹೊಗಳಿಕೆ ಯಾರಿಗೆ ಬೇಡ?

ಗಾಡಿ ಕೊಡುವುದಕ್ಕೆ ಅವನ ಮನೆತನದಲ್ಲಿ ಒಂದು ಪದ್ಧತಿ ಇತ್ತು, ಅಪ್ಪ ಅಹಮದಸಾಬ ಹಾಕಿಕೊಟ್ಟದ್ದು. ಅಂಗಡಿಯಲ್ಲಿ ಕೊಟ್ಟು ಕಳಿಸುವಂತಿಲ್ಲ. ಬಡಿಗ ತಾನೇ ಗಾಡಿ ಹೊತ್ತು ಕೂಸಿನ ಮನೆಗೆ ಹೋಗಬೇಕು. ಕೂಸಿನ ಎರಡೂ ಕೈ ಹಿಡಿಕೆಯ ಮೇಲಿಟ್ಟು, ಎದುರಿಗೆ ಬಗ್ಗಿ, ಅದರ ಮೋರೆ ನೋಡುತ್ತ, ಬಿಸ್ಮಿಲ್ಲಾ ಎಂದು ಏಳು ಹೆಜ್ಜೆ ಹಿಂದಕ್ಕೆ ನಡೆಯಬೇಕು. ಕೂಸು ಗಾಡಿ ನೂಕಿಕೊಂಡು ಏಳು ಹೆಜ್ಜೆ ಅವನತ್ತ ಬರಬೇಕು. ಅಹಮದಸಾಬ ಯಾವ ಮನೆ, ಯಾವ ಜಾತಿ ಎಂದು ಕೇಳಿದವನಲ್ಲ. ಬೇರೆ ಬಡಿಗರು ತುಳಿಯದ ಕೇರಿಗಳಿಗೂ ಗಾಡಿ ಹೊತ್ತು ಹೋಗಿ, ಅಲ್ಲಿಯ ಅಂಗಳದಲ್ಲೂ ಹಿಂದಕ್ಕೆ ನಡೆದು ಬಂದಿದ್ದ. ಮಗನೂ ಹಾಗೇ ನಡೆದ, ಮೂವತ್ತು ವರ್ಷ.

ಸಾವಿರದ ಒಂಬೈನೂರ ಮೂವತ್ತಾರರ ಬೇಸಿಗೆಯ ಒಂದು ಮುಂಜಾನೆ ಹಲಗೆ ನುಣುಪಾಗಲೆಂದು ರಂಧಾ ಹೊಡೆಯುತ್ತಿದ್ದ ಮಲ್ಲಿಕಸಾಬ ಹಾಗೆಯೇ ಎಡಕ್ಕೆ ವಾಲಿದ. ಹೆಂಡತಿ ಮೌಲಾಬಿ ಚಹಾ ತಂದಾಗ ಅವನು ಮರದ ಸಿಪ್ಪೆಯ ಗುಂಪೆಯಲ್ಲಿ ಬಿದ್ದಿದ್ದ. ಬಾಯಿ ಓರೆಯಾಗಿತ್ತು. ಎಡಗೈ, ಎಡಗಾಲು ಎರಡೂ ಅವನ ಮಾತು ಕೇಳುತ್ತಿರಲಿಲ್ಲ.

ಲಕ್ವಾ ಹೊಡೆದಿದೆ ಎಂದು ಓಣಿ ನೆರೆಯಿತು. ಓಣಿ ನೆರೆದ ಮೇಲೆ ಮದ್ದಿಗೇನು ಬರ? ಒಬ್ಬರು ಬೆಳ್ಳುಳ್ಳಿ ಅರೆದರು, ಒಬ್ಬರು ತಾಯಿತ ಕಟ್ಟಿದರು. ಪಾರಿವಾಳದ ಬಿಸಿ ರಕ್ತ ಸವರಿದರೆ ಕಾಲು ಏಳುತ್ತದೆ ಎಂದರು. ಹನ್ನೊಂದು ಪಾರಿವಾಳ ಸತ್ತವು, ಕಾಲು ಏಳಲಿಲ್ಲ. ಆಮೇಲೆ ನೆರೆದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆಗೆ ಹೋದರು.

ಉಳಿದವನು ಉಸ್ತಾದ ಹುಸೇನಬಾಷಾ. ಹಿಂದೆ ಪೈಲವಾನನಾಗಿದ್ದು ಈಗ ಗರಡಿಮನೆಯಲ್ಲಿ ಹುಡುಗರಿಗೆ ಪಟ್ಟು ಕಲಿಸುತ್ತ, ಉಳುಕಿದ ಕೈಕಾಲು ತಿಕ್ಕುತ್ತ ಇದ್ದ ಮುದುಕ. ದಿನಾ ಮುಂಜಾನೆ ಬಂದು ಎಣ್ಣೆ ಹಚ್ಚಿ ಕಾಲು ತಿಕ್ಕಿದ. ಬರೀ ತಿಕ್ಕುವುದರಲ್ಲೇ ಮುಗಿಸಲಿಲ್ಲ. ಮೊದಲು ಮಗ್ಗುಲು ಹೊರಳಿಸಿದ, ಆಮೇಲೆ ಗೋಡೆಗೆ ಒರಗದೆ ಕೂಡಿಸಿದ. ಇಪ್ಪತ್ತು ದಿನ ಬರೀ ಕೂಡುವುದೇ ಕೆಲಸವಾಯಿತು. ಕೂತಲ್ಲೇ ಮಲ್ಲಿಕಸಾಬ ತುಂಬದ ಚೀಲದಂತೆ ಎಡಕ್ಕೆ ಕುಸಿಯುತ್ತಿದ್ದ. ಆಮೇಲೆ ನಡುಮನೆಯ ಕಂಬ ಹಿಡಿಸಿ ನಿಲ್ಲಿಸಿದ.

"ಎಡಗಾಲಿನ ಮ್ಯಾಲ ಭಾರ ಹಾಕೊ ಮಲ್ಲಿಕ್ಯಾ."

"ಬೀಳತೇನ್ರಿ ಉಸ್ತಾದ."

"ಬೀಳು. ಅದು ನಿಂದ ಕಾಲ ಐತಿ, ಮಂದಿ ಮನಿ ಸಾಮಾನಲ್ಲ. ಭಾರ ಹಾಕು."

ಬಿದ್ದ. ಉಸ್ತಾದ ಎತ್ತಿದ. ಮತ್ತೆ ಬಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಕಂಬ ಹಿಡಿದು ನಿಲ್ಲುವಷ್ಟಾದ. ಆದರೆ ಕಂಬ ಜೊತೆಗೆ ಬರುವುದಿಲ್ಲವಲ್ಲ. ಒಂದು ದಿನ ಮೌಲಾಬಿ ರೊಟ್ಟಿ ಬಡಿಯುತ್ತಲೇ ಹೇಳಿದಳು, "ಊರ ಕೂಸಿಗೆಲ್ಲಾ ಗಾಡಿ ಮಾಡಿಕೊಟ್ರಿ. ನಿಮಗೊಂದ ಮಾಡ್ಕೊಳ್ಳಾಕ ಏನ ಧಾಡಿ?"

ಮಲ್ಲಿಕಸಾಬ ಎರಡು ದಿನ ಅವಳ ಮೇಲೆ ಮುನಿಸಿಕೊಂಡ. ಮೂರನೆಯ ದಿನ ಉಳಿ ಕೇಳಿದ. ಬಲಗೈಯಿಂದ ಕೊರೆದ, ಮೌಲಾಬಿ ಮರ ಹಿಡಿದಳು. ಅವಳ ಬೆರಳಿಗೆ ಎರಡು ಸಲ ಉಳಿ ತಾಗಿತು, ಅವನ ಬೈಗುಳ ಇಪ್ಪತ್ತು ಸಲ ತಾಗಿತು. ಕೊನೆಗೆ ಸೊಂಟದೆತ್ತರದ ಪಾಂಗುಳಗಾಡಿ ಒಂದು ತಯಾರಾಯಿತು. ಆದರೆ ಮೂವತ್ತು ವರ್ಷ ಕೂಸುಗಳ ಗಾಡಿ ಮಾಡಿದವನು ತನ್ನ ಗಾಡಿಯಲ್ಲೇ ತಪ್ಪು ಮಾಡಿದ. ಕೂಸಿನ ಗಾಡಿಗೆ ಗಾಲಿ ಬಿಗಿಯಾಗಿರಬೇಕು, ಸಡಿಲಾದರೆ ಗಾಡಿ ಮುಂದೋಡಿ ಕೂಸು ಮುಗ್ಗರಿಸುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ತಾನೇನು ಕೂಸೇ ಎಂಬ ಸೊಕ್ಕಿನಲ್ಲಿ ಗಾಲಿಗಳನ್ನು ಹಗುರವಾಗಿ ತಿರುಗುವಂತೆ ಕೂಡಿಸಿದ. ಮೊದಲ ದಿನವೇ ಗಾಡಿ ಓಣಿಯ ಇಳಿಜಾರಿನಲ್ಲಿ ಓಡಿತು. ಮಲ್ಲಿಕಸಾಬ ಮೋರೆ ಕೆಳಗಾಗಿ ಬಿದ್ದ, ಮುಂದಿನ ಹಲ್ಲೊಂದು ಹೋಯಿತು.

ಗಾಲಿಯ ಸಂದಿಗೆ ಅರಿವೆ ತುರುಕಿ ಬಿಗಿ ಮಾಡಿಕೊಂಡು ಮತ್ತೆ ಹೊರಟ. "ಸಾಬ ಕೂಸಾದ! ಸಾಬ ಕೂಸಾದ!" ಎಂದು ಓಣಿಯ ಹುಡುಗರು ಹಿಂದೆ ಕುಣಿದರು. ಮೌಲಾಬಿ ಕಸಬರಿಗೆ ಹಿಡಿದು ಹೊರಗೆ ಬಂದಳು. "ನಿಮ್ಮ ಅವ್ವಗೋಳ್ನ ಕೇಳ್ರಲೇ, ನಿಮಗ ನಡ್ಯಾಕ ಕಲಿಸಿದಾಂವ ಯಾಂವ ಅಂತ!"

ಹುಡುಗರ ಮಾತು ಅವನಿಗೆ ನಾಟಲಿಲ್ಲ. ನಾಟಿದ್ದು ಬಾವಿಕಟ್ಟೆಯ ಮಾತು. ಒಂದು ದಿನ ಗಾಡಿ ನೂಕಿಕೊಂಡು ಅಲ್ಲಿ ಹಾಯುವಾಗ ಅಕ್ಕವ್ವ ಎಂಬಾಕೆ, ಇವನಿಂದಲೇ ನಾಲ್ಕು ಮಕ್ಕಳಿಗೆ ಗಾಡಿ ಮಾಡಿಸಿದಾಕೆ, ಇನ್ನೊಬ್ಬಳಿಗೆ ಹೇಳುತ್ತಿದ್ದಳು: "ಕಾಲ ಬಿದ್ದಾಂವನ ಕೈಲಿಂದ ಕೂಸಿನ ಗಾಡಿ ತರತಾರೇನ? ದುರ್ಗದಬೈಲ ಸಂತ್ಯಾಗ ಸಿಗತಾವ, ಅಲ್ಲೆ ತಗೊ."

ಲಕ್ವಾ ಹೊಡೆದ ದಿನ ಅಳದಿದ್ದ ಮಲ್ಲಿಕಸಾಬ ಅವತ್ತು ಅತ್ತ. ಆರು ತಿಂಗಳಿಂದ ಒಂದೇ ಒಂದು ಗಾಡಿ ಕೇಳಿ ಯಾರೂ ಬರಲಿಲ್ಲವೇಕೆ ಎಂಬುದು ಈಗ ತಿಳಿಯಿತು. ತಾನು ಮಲಗಿದ್ದಾನೆಂದು ಜನ ದಯೆಯಿಂದ ಬಿಟ್ಟಿದ್ದಾರೆ ಅಂದುಕೊಂಡಿದ್ದ ಹುಚ್ಚ.

ಮಾರನೆಯ ದಿನ ಉಸ್ತಾದನಿಗೆ ಹೇಳಿದ, "ನನಗ ಹಿಂದಕ್ಕ ನಡ್ಯಾಕ ಕಲಸ್ರಿ."

"ಮುಂದಕ್ಕ ನಡ್ಯಾಕತ್ತಿ, ಅಲ್ಲಾನ ದಯಾ ಅನ್ನು. ಹಿಂದಕ್ಕ ನಡಿಯೋ ಕೆಲಸ ಯಾರಿಗೈತೊ?"

"ನನಗೈತ್ರಿ. ಏಳು ಹೆಜ್ಜಿ. ಕೋಲಿಲ್ಲದ, ಗ್ವಾಡಿ ಹಿಡೀದ."

ಉಸ್ತಾದ ಅವನ ಮೋರೆ ನೋಡಿದ. ಗರಡಿಮನೆಯ ಕೆಮ್ಮಣ್ಣಿನಲ್ಲಿ ನಿಲ್ಲಿಸಿದ, ಬಿದ್ದರೆ ಪೆಟ್ಟು ಕಡಿಮೆ ಎಂದು. ಸೊಂಟಕ್ಕೆ ಹಗ್ಗ ಕಟ್ಟಿ ತುದಿಯನ್ನು ತಾನು ಹಿಡಿದ. "ಹಿಮ್ಮಡ ಮೊದಲ ಇಟ್ಟರ ಕೆಟ್ಟಿ. ಬೆರಳು ಮೊದಲ, ಆಮ್ಯಾಲ ಹಿಮ್ಮಡ. ಹಿಂದಿನ ಕಾಲಿಗಿ ನೆಲ ಸಿಕ್ಕಮ್ಯಾಲನ ಭಾರ ಬಿಡು. ಕುಸ್ತ್ಯಾಗ ಹಿಂದ ಸರಿಯೋದೂ ಒಂದು ಪಟ್ಟ ಐತಿ, ತಿಳೀತಿಲ್ಲೊ?"

ಹಿಂದೆ ಕಣ್ಣಿಲ್ಲದವನಿಗೆ ಹಿಂದಿನ ನೆಲ ಇದೆ ಎಂದು ನಂಬುವುದೇ ಕಷ್ಟ. ಎಡಗಾಲು ಗಾಳಿಯಲ್ಲಿ ನಡುಗುತ್ತ ನೆಲ ಹುಡುಕುತ್ತಿತ್ತು. ಎರಡು ಹೆಜ್ಜೆಗೆ ಒಂದು ತಿಂಗಳು ಹಿಡಿಯಿತು, ನಾಲ್ಕಕ್ಕೆ ಮೂರು ತಿಂಗಳು. ಯುಗಾದಿ ದಾಟಿ ಮತ್ತೆ ಬಿಸಿಲು ಏರಿದಾಗ ಮಲ್ಲಿಕಸಾಬ ಹಗ್ಗವಿಲ್ಲದೆ ಏಳು ಹೆಜ್ಜೆ ಹಿಂದಕ್ಕೆ ನಡೆದ. ಎಡಗೈಗೂ ಹಿಡಿತ ಬಂದಿತ್ತು. ಎಡಗಾಲಿನ ಬೆರಳು ಒಂದಿಷ್ಟು ಎಳೆಯುತ್ತಿತ್ತು, ಅಷ್ಟೇ. ಉಸ್ತಾದ ತನ್ನ ಹಳೆಯ ರುಮಾಲನ್ನು ಅವನ ತಲೆಗೆ ಸುತ್ತಿದ, ಕುಸ್ತಿ ಗೆದ್ದವನಿಗೆ ಸುತ್ತುವಂತೆ.

ನಡೆಯುವವನು ತಯಾರಾದ. ನಡೆಸಿಕೊಳ್ಳುವ ಕೂಸು ಬೇಕಿತ್ತು.

ಬಂದವನು ಬೈರಿದೇವರಕೊಪ್ಪದ ಗಿರಿಯಪ್ಪ, ರೈಲುಹಳಿ ರಿಪೇರಿಯ ಆಳು. ಊರ ಹೊರಗಿನ ಕೇರಿಯವನು. ಬಾಗಿಲ ಹೊರಗೇ ನಿಂತವನನ್ನು ಮಲ್ಲಿಕಸಾಬ ಒಳಗೆ ಕರೆದು ಕೂಡಿಸಿದ.

"ಕಾಕಾ, ನಾ ನಡದದ್ದು ನಿಮ್ಮಪ್ಪಾರ ಗಾಡ್ಯಾಗ. ನನ್ನ ಮಗಾ ನಿಮ್ಮ ಗಾಡ್ಯಾಗನ ನಡೀಬೇಕು," ಎಂದ ಗಿರಿಯಪ್ಪ. ಆಮೇಲೆ ನೆಲ ನೋಡುತ್ತ ಹೇಳಿದ, "ನಮ್ಮವ್ವಗ ಮನಸಿಲ್ರಿ. ಮದಲಿನ ಎರಡು ಕೂಸು ವರ್ಷ ತುಂಬೂದ್ರಾಗ ಹೋದುವು ನೋಡ್ರಿ, ಆಕಿಗಿ ಎಲ್ಲಾದಕ್ಕೂ ಅಂಜಿಕಿ. ಏಳೂ ಹೆಜ್ಜಿ ತಪ್ಪದ ಹಿಂದಕ್ಕ ನಡದರ ಆಗಲಿ ಅಂದಾಳ."

"ನಡೀತೇನಿ," ಎಂದ ಮಲ್ಲಿಕಸಾಬ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಅದರ ತಪ್ಪನ್ನು ಮರದ ಧೂಳಿನ ಮೇಲೆ ಹಾಕಿದ.

ಅಂಥ ಗಾಡಿಯನ್ನು ಅವನು ಹಿಂದೆಂದೂ ಮಾಡಿರಲಿಲ್ಲ. ತೇಗದ ಹಿಡಿಕೆಯನ್ನು ಕೆನ್ನೆಗೆ ಒತ್ತಿ ಒತ್ತಿ ನುಣುಪು ನೋಡಿದ. ಗಾಲಿಯನ್ನು ಬಿಗಿ ಮಾಡಿದ, ಸಡಿಲು ಮಾಡಿದ, ಮತ್ತೆ ಬಿಗಿ ಮಾಡಿದ. ಒಂದು ಗುರುವಾರ ಮುಂಜಾನೆ ಅದನ್ನು ಹೊತ್ತು ಮೌಲಾಬಿಯ ಜೊತೆ ಹೊರಟ. ಕಮರಿಪೇಟೆ ದಾಟುವವರೆಗೆ, ಜನ ನೋಡಲೆಂದು, ತಾನೇ ಹೊತ್ತ. ದಾಟಿದ ಮೇಲೆ ಮೌಲಾಬಿ ಇಸಿದುಕೊಂಡು ತಲೆಯ ಮೇಲಿಟ್ಟುಕೊಂಡಳು. ಧಾರವಾಡದ ರಸ್ತೆ ಹಿಡಿದು ನಾಲ್ಕು ಮೈಲಿ, ಮೂರು ಕಡೆ ಕೂತು, ನಡೆದರು. ಕೇರಿ ಕಂಡಾಗ ಅವನು ಗಾಡಿಯನ್ನು ಮತ್ತೆ ತನ್ನ ಹೆಗಲಿಗೆ ತೆಗೆದುಕೊಂಡ.

ಅಂಗಳ ಸಾರಿಸಿತ್ತು. ಕೇರಿಯ ಮಂದಿಯೆಲ್ಲ ನೆರೆದಿತ್ತು. ಗಿರಿಯಪ್ಪನ ಹೆಂಡತಿ ಸಾವಂತ್ರೆವ್ವ ಕೂಸನ್ನು ತಂದು ನಿಲ್ಲಿಸಿದಳು. ಅರ್ಜುನಪ್ಪ ಎಂದು ಅಜ್ಜನ ಹೆಸರಿಟ್ಟಿದ್ದರು, ಎರಡೇ ಹಲ್ಲಿನ ಗುಂಡು ಕೂಸು. ಗಿರಿಯಪ್ಪನ ತಾಯಿ ಗುಡ್ಡವ್ವ ಕಟ್ಟೆಯ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಮಲ್ಲಿಕಸಾಬ ಕೂಸಿನ ಕೈಗಳನ್ನು ಹಿಡಿಕೆಯ ಮೇಲಿಟ್ಟ. ಬಗ್ಗಿದ. ಕೂಸು ಅವನ ಮುಂಹಲ್ಲಿಲ್ಲದ ಬಾಯಿ ನೋಡಿ ನಕ್ಕಿತು. ಬಿಸ್ಮಿಲ್ಲಾ ಎಂದ.

ಒಂದು. ಎರಡು. ಗಾಲಿ ಕಿರ್ರೆಂದಿತು. ಮೂರು. ನಾಲ್ಕು. ಐದನೆಯದಕ್ಕೆ ಎಡಗಾಲಿನ ಬೆರಳು ಸಣ್ಣ ಕಲ್ಲಿಗೆ ತಾಗಿತು, ಮೈ ಒಮ್ಮೆ ತೂಗಿತು. ಮೌಲಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ಬೆರಳು ಮೊದಲು, ಆಮೇಲೆ ಹಿಮ್ಮಡಿ. ನೆಲ ಸಿಕ್ಕಿತು. ಆರು. ಏಳು.

ಗೆದ್ದೆ ಎಂದುಕೊಂಡ. ಎದೆ ಉಬ್ಬಿಬಂತು. ಗಿರಿಯಪ್ಪ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಗುಡ್ಡವ್ವ ಕಟ್ಟೆಯಿಂದ ಧುಮುಕಿದಳು.

"ಕೂಸಿನ ಕಾಲ ನೋಡ್ರೇ! ಎಡಗಾಲ ಎಳ್ಯಾಕತ್ತೈತಿ! ಅವನಂಗ ಎಳ್ಯಾಕತ್ತೈತಿ!"

ಎಲ್ಲರೂ ನೋಡಿದರು. ಹೌದು, ಕೂಸು ಬಲಗಾಲು ಎತ್ತಿಟ್ಟು ಎಡಗಾಲನ್ನು ಎಳೆದುಕೊಳ್ಳುತ್ತಿತ್ತು. ಮೊದಲ ದಿನ ಗಾಡಿ ಹಿಡಿದ ಯಾವ ಕೂಸು ಕಾಲೆಳೆಯುವುದಿಲ್ಲ? ಮೂವತ್ತು ವರ್ಷದಲ್ಲಿ ಎಷ್ಟೋ ಕೂಸುಗಳು ಅವನೆದುರು ಹೀಗೇ ಎಳೆದಿದ್ದವು. ಇದೇ ಗಿರಿಯಪ್ಪ ಅಹಮದಸಾಬನೆದುರು ಎಳೆದಿರಬೇಕು. ಆಗ ಜನ ಕೂಸಿನ ನಗು ನೋಡುತ್ತಿದ್ದರು, ಇವತ್ತು ಕಾಲು ನೋಡುವುದಕ್ಕೇ ನೆರೆದಿದ್ದರು.

"ಎಲ್ಲಾ ಕೂಸೂ ಹಿಂಗ ಎಳೀತಾವ, ಯವ್ವಾ. ನಾಲ್ಕು ದಿನಕ್ಕ ಸರಿ ಆಕ್ಕೈತಿ," ಎಂದ ಮಲ್ಲಿಕಸಾಬ.

ಗುಡ್ಡವ್ವ ಕೂಸನ್ನು ಎದೆಗವಚಿ ಹಿಂದೆ ಸರಿದಳು. "ದೂರ ಇರೊ ಸಾಬಾ. ಮುಟ್ಟಬ್ಯಾಡ."

ಆ ಮಾತಿಗೆ ಅವನ ತಲೆ ಕಾದುಹೋಯಿತು. ಆಡಬಾರದ್ದನ್ನು ಆಡಿದ. "ಮುಟ್ಟಬ್ಯಾಡ ಅಂತ ಊರಾನ ಮಂದಿ ನಿಮಗ ಅಂದಾಗ ನಿಮಗ ಹೆಂಗ ಅನಸ್ತಿತ್ತು, ಯವ್ವಾ? ನಮ್ಮಪ್ಪ ಮುಟ್ಟಿದ್ದ ನಿಮ್ಮ ಮಗನ್ನ. ಯಾವ ಬಡಿಗ್ಯಾ ಬಂದಿದ್ದ ಈ ಅಂಗಳಕ್ಕ?"

ಗಿರಿಯಪ್ಪ ತಲೆ ತಗ್ಗಿಸಿದ. ಗುಡ್ಡವ್ವನ ಕಣ್ಣಿಂದ ನೀರು ಇಳಿಯುತ್ತಿತ್ತು.

"ಖರೇ ಐತಿ," ಎಂದಳು. "ನೀ ಅಂದದ್ದು ಖರೇ ಐತಿ. ಆದರ ಎರಡ ಕೂಸು ಮಣ್ಣಾಗ ಇಟ್ಟೇನಿ. ನನಗ ಮತ್ತೊಂದಿಲ್ಲ."

ಅವಳು ಕೂಸನ್ನು ಮಗನ ಕೈಗೆ ಕೊಟ್ಟು, ಗಾಡಿಯನ್ನು ಎತ್ತಿಕೊಂಡು ಹೋಗಿ ನೀರೊಲೆಗೆ ತುರುಕಿದಳು. ಚೆನ್ನಾಗಿ ಒಣಗಿದ ಮರ, ಲಗೂ ಹತ್ತಿಕೊಂಡಿತು. ಸಾವಂತ್ರೆವ್ವ ಮೊರದ ತುಂಬ ಜೋಳ ತಂದು, ಮೋರೆ ಎತ್ತದೆ, ಮೌಲಾಬಿಯ ಮುಂದೆ ಹಿಡಿದಳು. ಅದು ದುಡಿದವರಿಗೆ ಕೊಡುವ ಜೋಳವಾಗಿರಲಿಲ್ಲ, ಕೈಲಾಗದವರಿಗೆ ಕೊಡುವ ಜೋಳ. ಮೌಲಾಬಿ ಬೇಡವೆಂದಳು.

ವಾಪಸು ಬರುವಾಗ ಮಲ್ಲಿಕಸಾಬ ಎಲ್ಲೂ ಕೂಡಲಿಲ್ಲ. ನಾಲ್ಕು ಮೈಲಿಯನ್ನೂ ಒಂದೇ ಸಮನೆ ನಡೆದ, ಎಡವಲಿಲ್ಲ. ಇಷ್ಟು ಚೆನ್ನಾಗಿ ಅವನು ಎಂದೂ ನಡೆದಿರಲಿಲ್ಲ. ಸುದ್ದಿ ಮಾತ್ರ ಅವನಿಗಿಂತ ಲಗೂ ನಡೆದಿತ್ತು. ಆಮೇಲೆ ಅವನು ಮಣೆ, ಲಟ್ಟಣಿಗೆ ಮಾಡಿಕೊಂಡಿದ್ದ. ಅವನ ದೊಡ್ಡ ಗಾಡಿಯ ಮೇಲೆ ಮೌಲಾಬಿ ಅರಿವೆ ಒಣಗಹಾಕುತ್ತಿದ್ದಳು.

ದೀಪಾವಳಿಯ ಹಿಂದಿನ ಸಂತೆ. ದುರ್ಗದಬೈಲಿನಲ್ಲಿ ಮಣೆ ಹರವಿಕೊಂಡು ನಿಂತಿದ್ದ ಮಲ್ಲಿಕಸಾಬನಿಗೆ ಗುಡ್ಡವ್ವನ ದನಿ ಕೇಳಿತು. ಮೊಮ್ಮಗ ಮುಂದೆ ಮುಂದೆ ಓಡುತ್ತಿದ್ದ, ಎರಡೂ ಕಾಲು ನೆಟ್ಟಗೆ. ಗುಡ್ಡವ್ವ ಜೊತೆಯಾಕೆಗೆ ಹೇಳುತ್ತಿದ್ದಳು: "ಅವತ್ತ ಆ ಗಾಡಿ ಸುಟ್ಟದ್ದಕ್ಕ ಕೂಸು ಉಳಕೊಂತ ನೋಡ, ಇಲ್ಲಾಂದ್ರ ಇದೂ ಹೆಳವಾ ಆಕ್ಕಿತ್ತು."

ಅಷ್ಟರಲ್ಲಿ ಕೂಸು ಮಲ್ಲಿಕಸಾಬನನ್ನು ಕಂಡಿತು. ಗುರುತು ಸಿಕ್ಕಿತೋ, ಮುಂಹಲ್ಲಿಲ್ಲದ ಬಾಯಿ ಕಂಡು ನಗು ಬಂತೋ, ಎರಡೂ ಕೈ ಚಾಚಿ ಅವನತ್ತಲೇ ಓಡಿಬಂತು. ಗುಡ್ಡವ್ವ ಕಿರಿಚಲು ಬಾಯಿ ತೆರೆದಳು. ಎತ್ತಿಕೊಳ್ಳಬೇಕೆಂದು ಮಲ್ಲಿಕಸಾಬನ ಕೈ ತಾನಾಗಿ ಮುಂದಾಯಿತು. ಆಮೇಲೆ ಅವನು ಮುದುಕಿಯ ಮೋರೆ ನೋಡಿದ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹಿಂದಕ್ಕೆ ನಡೆಯತೊಡಗಿದ. ಬೆರಳು ಮೊದಲು, ಆಮೇಲೆ ಹಿಮ್ಮಡಿ. ಕೂಸು ನಗುತ್ತ ಬಂತು, ಅವನು ಸರಿಯುತ್ತ ಹೋದ. ಏಳು ಹೆಜ್ಜೆ ಮುಗಿದವು, ಎಂಟಾಯಿತು, ಒಂಬತ್ತಾಯಿತು. ಒಂದೂ ತಪ್ಪಲಿಲ್ಲ. ಬೆನ್ನು ಗೋಡೆಗೆ ತಾಗುವ ಹೊತ್ತಿಗೆ ಗುಡ್ಡವ್ವ ಬಂದು ಕೂಸನ್ನು ಎತ್ತಿಕೊಂಡಳು.