ಬದುವಿನ ಆಟ

ನಾನು ಸುಲಭಕ್ಕೆ ಯಾರನ್ನೂ ನಂಬುವವಳಲ್ಲ. ಅಂಗಡಿಯವನು ಚೀಲದ ಬಾಯಿ ಕಟ್ಟುವ ಮೊದಲು ಇನ್ನೊಮ್ಮೆ ತೂಗಿಸುತ್ತೇನೆ. ಯಾರಾದರೂ ಕಾರಣವಿಲ್ಲದೆ ಹೊಗಳಿದರೆ, ಇವರಿಗೆ ನನ್ನಿಂದ ಏನಾಗಬೇಕಿದೆ ಅಂತ ದಿನವೆಲ್ಲ ಯೋಚಿಸುತ್ತೇನೆ. ಈ ಗುಣ ನನಗೆ ಅಪ್ಪನಿಂದ ಬಂದದ್ದು, ಕಸುಬಿಗೂ ಒದಗಿತು.

ನಾನು ಆಟ ಬರೆಯುತ್ತೇನೆ. ಮೊಬೈಲಿನ ಆಟವಲ್ಲ, ಸುತ್ತ ಕೂತು ಆಡುವ ಮಾತಿನ ಆಟ. ನಾಲ್ಕೈದು ಜನ ಒಂದೊಂದು ಪಾತ್ರವಾಗುತ್ತಾರೆ, ಒಬ್ಬರು ಆಟ ನಡೆಸುತ್ತ ಪ್ರಶ್ನೆ ಕೇಳುತ್ತಾರೆ, ಉತ್ತರ ಕೊಡುತ್ತ ಕೊಡುತ್ತ ಕಥೆ ಬೆಳೆಯುತ್ತದೆ. ಅದರ ನಿಯಮ ಬರೆದು, ಚಿಕ್ಕ ಪುಸ್ತಕ ಮಾಡಿ, ಇಂಟರ್ನೆಟ್ಟಿನಲ್ಲಿ ಮಾರುವುದು ನನ್ನ ಕೆಲಸ. ಎರಡು ವರ್ಷದ ಹಿಂದೆ ಕುಂದಗೋಳದಲ್ಲಿದ್ದ ಟೀಚರ್ ನೌಕರಿ ಬಿಟ್ಟು ಇದನ್ನೇ ಹೊಟ್ಟೆಪಾಡು ಮಾಡಿಕೊಂಡೆ. ನಮ್ಮೂರು ಗುಡಗೇರಿಯಲ್ಲಿ ಯಾರೂ ನಂಬಲಿಲ್ಲ. ಟಪಾಲಿನಲ್ಲಿ ಇಪ್ಪತ್ತು ಮುಖದ ದಾಳ ಬಂದ ದಿನದಿಂದ ನಾನು ಮನೆಯಲ್ಲೇ ಜೂಜಿನ ಅಡ್ಡೆ ಇಟ್ಟಿದ್ದೇನೆ ಅಂತ ಓಣಿಯಲ್ಲಿ ಸುದ್ದಿ. ಇಸ್ಪೀಟಿನ ಚಟದವರೊಬ್ಬರು ಬಾಗಿಲಿಗೇ ಬಂದು, "ಎಷ್ಟಕ್ಕ ಕುಂದರಬೇಕ್ರಿ ಇಲ್ಲೆ?" ಅಂತ ಮೆಲ್ಲಗೆ ಕೇಳಿದರು.

ಕಳೆದ ವರ್ಷ ಪರದೇಶದ ಒಬ್ಬ ಸಣ್ಣ ಪ್ರಕಾಶಕಿ ನನ್ನ ಮುಂದಿನ ಆಟವನ್ನು ಅಚ್ಚು ಹಾಕಿಸುತ್ತೇನೆ ಅಂತ ಬರೆದಳು. ಮೋಸದವಳೇ ಇರಬೇಕು ಅಂತ ಮೂರು ದಿನ ಅವಳ ಹಳೆಯ ಪುಸ್ತಕಗಳನ್ನೆಲ್ಲ ಜಾಲಾಡಿದೆ. ಖರೇನೇ ಇದ್ದಳು. ಈ ಪುಸ್ತಕ ಬಂದರೆ ನಾನು ಈ ಕಸುಬಿನಲ್ಲಿ ನಿಲ್ಲುತ್ತೇನೆ, ಇಲ್ಲದಿದ್ದರೆ ಮತ್ತೆ ಸಾಲಿಗೆ ಹೋಗಿ ಹಾಜರಿ ಕೂಗಬೇಕು. ಅಷ್ಟು ಸ್ಪಷ್ಟವಿತ್ತು.

ಆಟ ಬದುವಿನ ಬಗ್ಗೆ. ಎರಡು ಹೊಲ, ನಡುವೆ ಒಂದು ಬದು. ಅದನ್ನು ಯಾರೋ ಒತ್ತಿದ್ದಾರೆ, ಯಾರು ಅಂತ ಗೊತ್ತಿಲ್ಲ. ಇದಕ್ಕೆ ನಾನು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಹೊಲಕ್ಕೂ ಬಾಜೂ ಹೊಲಕ್ಕೂ ಇದೇ ಜಗಳ. ನಾನು ಸಣ್ಣಾಕೆ ಇದ್ದಾಗ ಸುರುವಾದದ್ದು ಇಪ್ಪತ್ತೈದು ವರ್ಷವಾದರೂ ಮುಗಿದಿಲ್ಲ. ಬಾಜೂದವರೇ ಒತ್ತಿದರು ಅನ್ನುವುದು ನಮ್ಮ ಮನೆಯ ನಂಬಿಕೆ, ನಾವೇ ಒತ್ತಿದೆವು ಅನ್ನುವುದು ಅವರದು. ಅವರ ಮಗಳು ನನ್ನ ಜೀವದ ಗೆಳತಿ, ಸಾಲಿಯಲ್ಲಿ ಒಂದೇ ಬೆಂಚು. ಜಗಳವಾದ ವಾರದಲ್ಲೇ ಅವಳು ಬೆಂಚು ಬದಲಿಸಿದಳು. ಆಮೇಲೆ ಎದುರು ಬಂದರೂ ಮಾತಿಲ್ಲ.

ಆದರೆ ಆಟ ಕುದುರುತ್ತಿರಲಿಲ್ಲ. ಆನ್‌ಲೈನಿನಲ್ಲಿ ಆಡಿ ನೋಡಿದವರೆಲ್ಲ ಸಂಭಾವಿತರು. ಬದು ಒತ್ತಿದವನು ಅರ್ಧ ಗಂಟೆಯಲ್ಲಿ ತಪ್ಪೊಪ್ಪಿಕೊಂಡು, ಇಬ್ಬರೂ ಚಾ ಕುಡಿದು ಹಂಚಿಕೊಂಡುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬದುವಿನ ಜಗಳ ಎಲ್ಲಾದರೂ ಹಾಗೆ ಮುಗಿಯುತ್ತದೆಯೇ?

ಕಡೆಗೆ ಒಂದು ಮಧ್ಯಾಹ್ನ ಅಪ್ಪ ಅವ್ವ ಇಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿದೆ. ಬದು ಒತ್ತಿದವನ ಪಾತ್ರ ಕೊಟ್ಟೊಡನೆ ಅಪ್ಪ ಸೆಟೆದುಕೊಂಡ.

"ನಾ ಯಾಕ ಬದು ಒತ್ತಿದಾಂವ ಆಗ್ಲಿ? ನಮ್ಮ ವಂಶದಾಗ ಯಾರೂ ಒತ್ತಿಲ್ಲ."

"ಹಂಗಾದ್ರ ನಿನಗ ಯಾರ ಮ್ಯಾಲ ಅನುಮಾನ ಐತಿ, ಅವರ ಆಗಪ್ಪಾ," ಅಂದೆ, ಬೇಸರಕ್ಕೆ.

ಅಪ್ಪನ ಮುಖ ಅರಳಿತು. ತೋಳು ಮೇಲೇರಿಸಿ ಬಾಜೂ ಹೊಲದವನೇ ಆಗಿ ಕೂತ, ಅವನ ಕೆಮ್ಮೂ ಸಹಿತ. ಬದು ಹೇಗೆ ಒತ್ತುತ್ತೀ ಅಂತ ಕೇಳಿದೆ.

"ಒಂದ ವರ್ಷಕ್ಕ ಒತ್ತಂಗಿಲ್ಲ, ಹುಚ್ಚಿ. ಎರಡು ಮೂರು ವರ್ಷ ಹಿಡೀತೈತಿ. ಮೊದಲ್ನೇ ಮಳಿ ಆದ ಮ್ಯಾಲ, ಎರಿ ಮಣ್ಣು ಹಸೀ ಇದ್ದಾಗ, ಕರಿಕಿ ಹುಲ್ಲಿನ ಬೇರು ಸಮೇತ ಹೆಂಟಿ ಎತ್ತಬೇಕು. ಎತ್ತಿ ಆಚಿ ಕಡೆ ಇಟ್ಟು ತುಳೀಬೇಕು. ಎಂಟ ದಿನದಾಗ ಕರಿಕಿ ಹತ್ತತೈತಿ. ನೋಡಿದವರಿಗೆ ಮುತ್ತ್ಯಾನ ಕಾಲದ ಬದುವಿನಂಗ ಕಾಣ್ತೈತಿ. ಹಳೇ ಜಾಗಾದಾಗ ಕುಂಟಿ ಹೊಡದು ಬಿಡೋದು, ಗುರುತ ಉಳಿಯಂಗಿಲ್ಲ."

ಅಷ್ಟರಲ್ಲಿ ಅವ್ವ, "ಹಾಲು ಉಕ್ಕಾಕತ್ತೈತಿ," ಅಂತ ಎದ್ದು ಒಳಗೆ ಹೋದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

ನನ್ನ ಪೆನ್ನು ನಿಂತಿತು. ಬಾಜೂದವನು ಇದನ್ನೆಲ್ಲ ಅಪ್ಪನಿಗೆ ಹೇಳಿ ಮಾಡಿದನೇ? ಕೇಳಿಯೇಬಿಟ್ಟೆ. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಅವನ ಪಾತ್ರ ಮಾಡು ಅಂದಾಕಿ ನೀನ. ಮಾಡಿದ್ರ ನನ್ನ ಮ್ಯಾಲ ಬರ್ತಿಯೇನು?" ಅಂತ ಎದ್ದು ಹೊಲದ ಕಡೆ ನಡೆದ. ನಾನು ಆ ಸಂಜೆ ಎರಡು ಕೆಲಸ ಮಾಡಿದೆ. ಅಪ್ಪನ ಮೇಲೆ ಅನುಮಾನ ಪಟ್ಟೆ, ಮತ್ತು 'ನಿಮಗೆ ಯಾರ ಮೇಲೆ ಅನುಮಾನವೋ ಅವರ ಪಾತ್ರವನ್ನು ನೀವೇ ಮಾಡಿ' ಅಂತ ಆಟದ ಮೊದಲ ನಿಯಮ ಬರೆದೆ. ನಾಚಿಕೆಯ ಮಾತು, ಆದರೆ ನಿಯಮ ಸಿಕ್ಕ ಖುಷಿಯೇ ಹೆಚ್ಚಿತ್ತು.

ಕೊನೆಗೊಂದು ನಿಯಮ ಸೇರಿಸಿದೆ: ಕಥೆ ಮುಗಿದ ಮೇಲೆ ಆಟ ನಡೆಸುವವರು ಪ್ರತಿಯೊಬ್ಬರನ್ನೂ 'ಇದು ನಿನಗೆ ಗೊತ್ತಿತ್ತೇ?' ಅಂತ ಕೇಳಬೇಕು. ಆಟ ಈಗ ಆಡುವವರನ್ನು ಕುಟುಕುತ್ತಿತ್ತು. ಪ್ರಕಾಶಕಿ ಓದಿ ಕುಣಿದಾಡಿದಳು. ಆದರೆ ಮನೆಯವರಲ್ಲದ ಜನರ ಜೊತೆ ಎದುರಾ ಎದುರು ಕೂತು ಒಮ್ಮೆ ಆಡಿ, ಹೇಗೆ ನಡೆಯಿತೆಂದು ಬರೆದು ಕಳಿಸು ಅಂದಳು.

ಊರಲ್ಲಿ ಯಾರು ಬರುತ್ತಾರೆ? ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳ ಸಂಘವೊಂದಿದೆ. ಮಧ್ಯಾಹ್ನ ಒಲೆ ಆರಿಸಿದ ಮೇಲೆ ಒಂದು ತಾಸು ಕೂರುತ್ತೇವೆ ಅಂತ ಮೂವರು ಒಪ್ಪಿದರು. ಹೋಗಿ ನೋಡಿದರೆ ಮೂವರಲ್ಲಿ ಒಬ್ಬಳು ನನ್ನ ಹಳೆಯ ಗೆಳತಿ. ಬೇಕೆಂತಲೇ ಬಂದಿದ್ದಾಳೆ ಅನ್ನಿಸಿತು.

ಅಲ್ಲಿ ನನ್ನ ಜಾಣತನವೇ ನನಗೆ ಮುಳುವಾಯಿತು. ಆಟಗಾರರು ತಮ್ಮ ಪಾತ್ರದ ವಿವರ ಬರೆದುಕೊಳ್ಳುವ ಹಾಳೆಯನ್ನು ನಾನು ಥೇಟ್ ಹೊಲದ ಉತಾರದ, ಅಂದರೆ ಪಹಣಿಯ ಹಾಗೆ ಮಾಡಿದ್ದೆ. ಸರ್ವೆ ನಂಬರು, ಎಕರೆ ಗುಂಟೆ, ಕೆಳಗೆ ಸಹಿಯ ಜಾಗ. ಪರದೇಶದವರು ಬಹಳ ಮೆಚ್ಚಿದ್ದರು. ಇಲ್ಲಿ ಮೂವರೂ ಹಾಳೆಯನ್ನು ಕೈಯಿಂದಲೂ ಮುಟ್ಟಲಿಲ್ಲ.

"ಇದಕ್ಕ ಸಹಿ ಯಾಕ ಬೇಕು?" ಅಂತ ಗೆಳತಿ ಕೇಳಿದಳು. ಇಷ್ಟು ವರ್ಷದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು. "ನಮ್ಮ ಹೊಲ ಬರಸ್ಕೊಳ್ಳಾಕ ಬಂದಿಯೇನು? ಒಬ್ಬರದು ಒತ್ತಿದ್ದು ಸಾಲಲಿಲ್ಲೇನ ನಿಮಗ?"

ಉಳಿದಿಬ್ಬರು ಸೆರಗು ಸರಿಮಾಡಿಕೊಂಡು ಏಳಲಿಕ್ಕೇ ತಯಾರಾದರು. ನಾನು ಹಾಳೆಗಳನ್ನೆಲ್ಲ ಅವರೆದುರೇ ಹರಿದು, ಗೋಡೆಯ ಮೇಲಿದ್ದ ಹೋದ ವರ್ಷದ ಕ್ಯಾಲೆಂಡರಿನ ಹಾಳೆ ಕಿತ್ತು, ಹಿಂದಿನ ಖಾಲಿ ಕಡೆ ಬರೆಯಿರಿ ಅಂದೆ. ಹೆಸರೂ ಬೇಡ, ಸಹಿಯೂ ಬೇಡ. ಆಗ ಕೂತರು.

ಒಬ್ಬಾಕೆ ತನ್ನ ಅತ್ತೆಯಾದಳು, ಇನ್ನೊಬ್ಬಾಕೆ ಪಕ್ಕದ ಮನೆಯವಳಾದಳು. ಗೆಳತಿಯ ಸರದಿ ಬಂತು. ನನ್ನ ಅಪ್ಪನೇ ಆಗುತ್ತಾಳೆ ಅಂತ ಎದೆ ಗಟ್ಟಿ ಮಾಡಿಕೊಂಡೆ.

"ನಾ ನೀನ ಆಗ್ತೀನಿ," ಅಂದಳು.

ಬದು ಹೇಗೆ ಒತ್ತುತ್ತೀ ಅಂತ ಅವಳನ್ನೂ ಕೇಳಿದೆ.

"ನಾ ಒಂಬತ್ತ ವರ್ಷದಾಕಿ," ಅಂದಳು ಅವಳು, ನನ್ನ ಕಣ್ಣನ್ನೇ ನೋಡುತ್ತ. "ಐತವಾರ, ಸಾಲಿ ಸೂಟಿ. ನಮ್ಮಪ್ಪ ಹೆಂಟಿ ಎತ್ತಾಕತ್ತಾನ. ನಾ ಬುಟ್ಟ್ಯಾಗ ಹೊತ್ತು ಆಚಿ ಕಡೆ ಇಡಾಕತ್ತೀನಿ. ಅಲ್ಲೆ ನನ್ನ ಗೆಳತಿ ಬಂದ್ಲು. ಬಾ ಲೇ, ನೀನೂ ಎರಡ ಬುಟ್ಟಿ ಹೊರು, ಆಮ್ಯಾಲ ಆಡೂಣು ಅಂದೆ. ಆಕಿನೂ ಹೊತ್ತಳು. ತಮ್ಮ ಹೊಲದಾಗ ತಾನ ತಂದು ಬದು ಇಟ್ಟಳು. ಮುಂದ ಜಗಳ ಆದಾಗ ತಮ್ಮಪ್ಪಗ ಹೆಂಗ ಹೇಳ್ಬೇಕು ಆಕಿ? ಇವತ್ತಿಗೂ ಹೇಳಿಲ್ಲ."

ನನಗೆ ಒಮ್ಮೆಲೇ ಎಲ್ಲ ನೆನಪಾಯಿತು. ಮಳೆಗೆ ಬದು ಒಡೆಯದ ಹಾಗೆ ಗಟ್ಟಿ ಮಾಡಬೇಕು ಮಗಳ ಅಂತ ಅಪ್ಪ ಹೇಳಿದ್ದು, ತಲೆಗೆ ಸಿಂಬೆ ಸುತ್ತಿಕೊಟ್ಟದ್ದು, ನಾವಿಬ್ಬರೂ ಕೆಸರಿನಲ್ಲಿ ಜಾರಿ ನಕ್ಕದ್ದು. ಎಲ್ಲರನ್ನೂ ಅನುಮಾನಿಸುವ ನಾನು ನನ್ನ ಮೇಲೆ ಒಂದು ದಿನವೂ ಅನುಮಾನ ಪಟ್ಟಿರಲಿಲ್ಲ. ಅಳು ಬಂತು. ಆದರೆ ಆಟ ನಡೆಸುವವಳು ನಾನು. ನಾನೇ ಬರೆದ ಪ್ರಶ್ನೆಯನ್ನು ಕೇಳಲೇಬೇಕಿತ್ತು.

"ಇದು ನಿನಗ ಗೊತ್ತಿತ್ತೇನು?"

ಅವಳು ಕ್ಯಾಲೆಂಡರಿನ ಹಾಳೆಯನ್ನು ಮಡಚಿಟ್ಟಳು.

"ಗೊತ್ತಿದ್ದಿಲ್ಲ," ಅಂದಳು. "ಬುಟ್ಟಿ ಹೊರೂವಾಗ ಇಬ್ಬರಿಗೂ ಗೊತ್ತಿದ್ದಿಲ್ಲ. ಈಗ ಗೊತ್ತೈತಿ."

ಪ್ರಕಾಶಕಿಗೆ ಆಟ ಚೆನ್ನಾಗಿ ನಡೆಯಿತು ಅಂತ ಮಾತ್ರ ಬರೆದೆ. ಪುಸ್ತಕ ಈಗ ಅಚ್ಚಿಗೆ ಹೋಗಿದೆ, ನೌಕರಿಗೆ ವಾಪಸು ಹೋಗುವುದು ತಪ್ಪಿತು. ಅದನ್ನು ಮನೆಯಲ್ಲಿ ಹೇಳುವ ಮೊದಲು ಕುಂದಗೋಳಕ್ಕೆ ಹೋಗಿ, ಹೊಲ ಅಳೆಸಿ ಗಡಿ ಗುರುತಿಸುವ ಹದ್ದುಬಸ್ತಿನ ಅರ್ಜಿ ತಂದೆ. ಹೊಲ ಅಪ್ಪನ ಹೆಸರಲ್ಲಿದೆ, ಸಹಿ ಅವನದೇ ಬೇಕು. ತುಂಬಿದ ಅರ್ಜಿಯನ್ನು ಅವನ ಮುಂದಿಟ್ಟೆ.

ಅಪ್ಪ ಎರಡು ಸಲ ಓದಿದ. "ಇದೂ ನಿನ್ನ ಆಟದ ಕಾಗದ ಏನು?"

"ಅಲ್ಲಪ್ಪಾ. ಖರೇದು."

ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಈ ಸಲ ಯಾವ ನೆಪವನ್ನೂ ಹೇಳಿ ಒಳಗೆ ಹೋಗಲಿಲ್ಲ.

"ಈಗ ನಾ ಯಾರ ಪಾತ್ರ ಮಾಡ್ಬೇಕು?" ಅಂತ ಅಪ್ಪ ಕೇಳಿದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ನಿಂದ ನೀ ಮಾಡಪ್ಪಾ."

ಅಪ್ಪ ಪೆನ್ನು ತಗೊಂಡ. ಅವನು ಸಹಿ ಮಾಡುವಾಗ ನಾನು ಅವನ ಮುಖ ನೋಡಲಿಲ್ಲ. ನನ್ನಿಂದ ಆಗಲಿಲ್ಲ.