ನನ್ನ ಮುಖ, ಅವರ ಮಾತು

ಇವತ್ತಿಗೂ ಯಾರಾದರೂ "ನಿಮ್ಮ ಕಥೆ ಹೇಳಿ ಮೇಡಂ, ಮನಸ್ಸು ಬಿಚ್ಚಿ ಹೇಳಿ" ಎಂದರೆ ನನ್ನ ಬಾಯಲ್ಲಿ ನೀರೂರುತ್ತದೆ. ರುಚಿಗೆ ಊರುವ ನೀರಲ್ಲ, ವಾಂತಿಗೆ ಮುಂಚೆ ಊರುವಂಥದ್ದು. ಹೆಂಗಸರು ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳಬಾರದು ಎಂದು ನಾನು ಹೇಳುತ್ತಿಲ್ಲ. ಹೇಳಬೇಕು, ಬೀದಿಗೆ ಕೇಳುವಂತೆ ಹೇಳಬೇಕು. ಆದರೆ ಹೇಳಿಸುವವರ ಕೈಗೆ ಸಿಕ್ಕ ಮೇಲೆ ಆ ಕಥೆಯ ಗತಿ ಏನಾಗುತ್ತದೆ ಎನ್ನುವುದನ್ನು ನಾನು ಕಂಡವಳು, ಅದಕ್ಕೇ ಈ ಅಸಹ್ಯ.

ಆಗ ನಾನು ವೈಟ್‌ಫೀಲ್ಡಿನ ಒಂದು ಗಾಜಿನ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದೆ. ಮನೆ ದೊಡ್ಡನೆಕ್ಕುಂದಿಯಲ್ಲಿ. ಗಂಡನ ಕಡೆಯವರು ಅಲ್ಲಿಯ ಹಳಬರು. ಔಟರ್ ರಿಂಗ್ ರೋಡು ಬರುವ ಮೊದಲೇ ಅಲ್ಲಿ ಸೊಪ್ಪು ಬೆಳೆದು ಮಾರುತ್ತಿದ್ದವರು. ಆ ಕಾಲದಲ್ಲಿ ಬಾಣಂತನಕ್ಕೆ ಸಿಗುತ್ತಿದ್ದದ್ದು ಮೂರು ತಿಂಗಳ ರಜೆ. ಮಗಳಿಗೆ ಇನ್ನೂ ಕತ್ತು ನಿಂತಿರಲಿಲ್ಲ, ಅವಳನ್ನು ಅತ್ತೆಯ ಮಡಿಲಿಗೆ ಹಾಕಿ ನಾನು ಆಫೀಸಿಗೆ ಹೊರಟೆ. ಮಧ್ಯಾಹ್ನ ಮನೆಗೆ ಬಂದು ಹಾಲುಣಿಸಿ ಹೋಗೋಣವೆಂದರೆ ಕುಂದಲಹಳ್ಳಿ ಗೇಟಿನ ಟ್ರಾಫಿಕ್ಕು ಯಾರ ಎದೆಹಾಲಿಗೂ ಕಾಯುವಂಥದ್ದಲ್ಲ.

ಹಾಲು ಕಟ್ಟಿದ ಎದೆಯ ನೋವು ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಕಲ್ಲಾಗುತ್ತದೆ, ಜ್ವರ ಬರುತ್ತದೆ. ಹೊತ್ತು ಹೊತ್ತಿಗೆ ಹಿಂಡಿ ತೆಗೆಯಲೇಬೇಕು. ಆಫೀಸಿನಲ್ಲಿದ್ದ ಮೀಟಿಂಗ್ ರೂಮುಗಳೆಲ್ಲ ಗಾಜಿನವು, ಒಳಗೆ ಕೂತವರ ಕಾಲ್ಬೆರಳೂ ಹೊರಗೆ ಕಾಣುತ್ತಿತ್ತು. ಹಾಗಾಗಿ ನಾನು ಹೆಂಗಸರ ಟಾಯ್ಲೆಟ್ಟಿನಲ್ಲಿ ಬಾಗಿಲು ಹಾಕಿಕೊಂಡು, ಕಮೋಡಿನ ಮುಚ್ಚಳದ ಮೇಲೆ ಕೂತು, ಕೈಪಂಪಿನಲ್ಲಿ ಹಾಲು ತೆಗೆಯುತ್ತಿದ್ದೆ. ಪಕ್ಕದಲ್ಲಿ ಯಾರೋ ಫ್ಲಶ್ ಮಾಡುವರು. ಬಾಗಿಲ ಕೆಳಗಿಂದ ಫಿನಾಯಿಲ್ ನೀರು ಹರಿದು ಬಂದು ಚಪ್ಪಲಿ ಒದ್ದೆಯಾಗುವುದು. ನಮ್ಮ ಕಂಪನಿಯಲ್ಲಿ ಯಾರ ಊಟವನ್ನೂ ಕಕ್ಕಸಿನಲ್ಲಿ ತಯಾರು ಮಾಡುತ್ತಿರಲಿಲ್ಲ, ನನ್ನ ಮಗಳದ್ದೊಂದನ್ನು ಬಿಟ್ಟು.

ತೆಗೆದ ಹಾಲನ್ನು ಸ್ಟೀಲ್ ಡಬ್ಬಿಗೆ ಹಾಕಿ, ಬಟ್ಟೆ ಚೀಲದಲ್ಲಿ ಸುತ್ತಿ, ಪ್ಯಾಂಟ್ರಿಯ ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ಒಂದು ದಿನ ಫ್ರಿಜ್ಜಿನ ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ಹಳದಿ ಚೀಟಿ ಅಂಟಿತ್ತು: ದಯವಿಟ್ಟು ನಿಮ್ಮ ಮೈಯಿಂದ ಬಂದದ್ದನ್ನು ಇಲ್ಲಿ ಇಡಬೇಡಿ. ಯಾರು ಬರೆದದ್ದೋ ಹೆಸರಿಲ್ಲ. ಅದೇ ಫ್ರಿಜ್ಜಿನಲ್ಲಿ ಯಾರದೋ ಮೀನಿನ ಸಾರು ವಾರಗಟ್ಟಲೆ ಕೂತು ನಾರುತ್ತಿತ್ತು, ಅದಕ್ಕೆ ಚೀಟಿ ಇರಲಿಲ್ಲ.

ನಾನು ಎಚ್‌ಆರ್ ಮೇಡಂ ಹತ್ತಿರ ಹೋಗಿ ಕೇಳಿದ್ದು ಇಷ್ಟೇ. ಒಂದು ಚಿಕ್ಕ ಕೋಣೆ, ಒಳಗಿನಿಂದ ಹಾಕಿಕೊಳ್ಳಬಹುದಾದ ಬಾಗಿಲು, ಕೂರಲು ಕುರ್ಚಿ. ಅವರು ಬೆಂಗಳೂರಿನವರೇ, ಕನ್ನಡದವರೇ. ತಲೆ ಓರೆ ಮಾಡಿಕೊಂಡು ಕೇಳಿದರು.

"ನಂಗೆ ಅರ್ಥ ಆಗತ್ತೆ ಕಣ್ರೀ. ಆದ್ರೆ ಸ್ಪೇಸ್ ಪ್ರಾಬ್ಲಂ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

ಆ ಮಾತು ಆಡಿದ್ದು ಟೇಬಲ್ ಟೆನಿಸ್ ಆಡುವ ವಿಶಾಲ ಕೋಣೆಯ ಪಕ್ಕದಲ್ಲೇ ಕೂತು. ಗೋಡೆಯಾಚೆ ಚೆಂಡು ಟಪ್ ಟಪ್ ಎನ್ನುತ್ತಿತ್ತು.

ಮಹಿಳಾ ದಿನ ಹತ್ತಿರ ಬಂದಾಗ ಅದೇ ಮೇಡಂ ನನ್ನ ಸೀಟಿನ ಹತ್ತಿರ ತಾವಾಗಿ ಬಂದರು. ಈ ಸಲ ರೋಸು, ಕೇಕು ಮಾತ್ರ ಅಲ್ಲವಂತೆ. ಹೆಂಗಸರು ತಮ್ಮ ಬದುಕಿನ ಕಥೆಯನ್ನು ತಾವೇ ಹೇಳುವ ಲೈವ್ ಕಾರ್ಯಕ್ರಮವಂತೆ. ಪುಣೆ, ಹೈದರಾಬಾದು ಮತ್ತು ಹೊರದೇಶದ ದೊಡ್ಡ ಆಫೀಸಿನವರು ತಮ್ಮ ತಮ್ಮ ಸೀಟಿನಲ್ಲೇ ಕೂತು ನೋಡುತ್ತಾರೆ, ಮನೆಯವರಿಗೂ ಲಿಂಕ್ ಕಳಿಸಬಹುದು. "ನಿಮ್ಮದೊಂದು ಬೇಕೇ ಬೇಕು" ಎಂದರು.

ನಾನು ಒಪ್ಪಿದೆ. ಕಥೆ ಹೇಳುವ ಚಪಲ ನನಗಿರಲಿಲ್ಲ, ಕೋಣೆ ಬೇಕಿತ್ತು. ಇಲ್ಲಿಯವರ ಕಿವಿಗೆ ಬೀಳದ ಮಾತನ್ನು ಹೊರದೇಶದ ದೊಡ್ಡವರು ಕೇಳಿದರೆ ಮಾರನೇ ದಿನವೇ ಬಾಗಿಲು ಬಂದೀತು ಎನ್ನುವ ಲೆಕ್ಕಾಚಾರ.

ಅಭ್ಯಾಸ ಮಾಡಿಸಲು ಹೊರಗಿನಿಂದ ಒಬ್ಬ ಕೋಚ್ ಬಂದಳು. ಕಥೆ ಹೇಳುವುದನ್ನು ಕಲಿಸುವುದೇ ಅವಳ ಕಸುಬು. ಕೈಮಗ್ಗದ ಸೀರೆ, ದೊಡ್ಡ ಬೊಟ್ಟು, ಮಾತೆತ್ತಿದರೆ ಸ್ತ್ರೀವಾದ. ನಾನು ಟಾಯ್ಲೆಟ್ಟಿನ ಕಥೆ ಹೇಳಿ ಮುಗಿಸಿದಾಗ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ತುಂಬಾ ರಾ ಆಗಿದೆ, ಹಸಿಹಸಿ, ಚೆನ್ನಾಗಿದೆ. ಆದ್ರೆ ಗೆಲುವೆಲ್ಲಿ?"

"ಯಾವ ಗೆಲುವು?"

"ಕೊನೇಲಿ ನೀವು ಗೆಲ್ಬೇಕಲ್ವಾ. ಕಷ್ಟ, ತಿರುವು, ಗೆಲುವು."

"ನಾನಿನ್ನೂ ಗೆದ್ದಿಲ್ವಲ್ಲ ಮೇಡಂ. ಒಂದು ರೂಮ್ ಬೇಕು, ಅದನ್ನೇ ಕೇಳ್ತೀನಿ ಕೊನೇಲಿ."

"ಅದು ರಿಕ್ವೆಸ್ಟ್ ಆಯ್ತು, ಸ್ಟೋರಿ ಆಗಲ್ಲ" ಎಂದಳು.

ಆಮೇಲೆ ಶುರುವಾಯಿತು ನೋಡಿ ಕತ್ತರಿ ಕೆಲಸ. ಟಾಯ್ಲೆಟ್ ಅನ್ನುವ ಕಡೆ 'ಒಂದು ಮೂಲೆ' ಅನ್ನಬೇಕು. ಹಾಲು ಅನ್ನುವ ಕಡೆ 'ಪೋಷಣೆ'. ಹಳದಿ ಚೀಟಿಯ ಮಾತೇ ಬೇಡ. ಮ್ಯಾನೇಜರ್ ಬೆನ್ನ ಹಿಂದೆ ನಿಂತಿದ್ದರು ಅಂತ ಒಂದು ಸಾಲು ಬೇಕು. ನಮ್ಮ ಮ್ಯಾನೇಜರ್ ನನ್ನ ಹಿಂದೆ ನಿಂತಿದ್ದು ನಿಜ, ಆದರೆ ನಾನು ಸೀಟಿನಿಂದ ಎದ್ದಾಗೆಲ್ಲ ಗಡಿಯಾರ ನೋಡಲು ನಿಂತಿದ್ದು. ಅಳು ಎಲ್ಲಿ ಬರಬೇಕು ಎನ್ನುವುದನ್ನೂ ಅವಳೇ ತೋರಿಸಿದಳು. "ಅಳು ಬಂದ್ರೆ ತಡೀಬೇಡಿ. ಆದ್ರೆ ಮೂಗು ಒರೆಸ್ಕೋಬೇಡಿ, ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣಲ್ಲ." ಸಂತೆಯಲ್ಲಿ ಎಮ್ಮೆಯ ಕೆಚ್ಚಲು ಮುಟ್ಟಿ ನೋಡುವ ದಲ್ಲಾಳಿಗೂ ಇವಳಿಗಿಂತ ನಾಚಿಕೆ ಇರುತ್ತದೆ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಒಳಗೆ ಮಾತ್ರ, ನನ್ನದನ್ನೇ ಹೇಳುವುದು ಎಂದು ಗಟ್ಟಿ ಮಾಡಿಕೊಂಡಿದ್ದೆ.

ಮಹಿಳಾ ದಿನದಂದು ಆಫೀಸಿಗೆ ಆಫೀಸೇ ನೇರಳೆ ಬಣ್ಣ. ಮಾತಾಡುವವರು ಒಬ್ಬೊಬ್ಬರಾಗಿ ಒಂದು ಚಿಕ್ಕ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂರಬೇಕು, ಸದ್ದು ಮಾರ್ದನಿಸಬಾರದೆಂದು ಅದರ ಸ್ಪೀಕರ್ ಮುಚ್ಚಿಟ್ಟಿದ್ದರು. ನಮ್ಮ ಆಫೀಸಿನವರು ದೊಡ್ಡ ಸಭಾಂಗಣದಲ್ಲಿ ಪರದೆಯ ಮುಂದೆ. ಲೈವ್ ನಡೆಸುವ ಇನ್ನೊಂದು ಲ್ಯಾಪ್‌ಟಾಪು ಪಕ್ಕದ ಕೋಣೆಯಲ್ಲಿ, ಎಚ್‌ಆರ್ ಮೇಡಂ ಮತ್ತು ಕೋಚ್ ಹತ್ತಿರ. ಯಾರ ಮೈಕು ತೆರೆಯಬೇಕು, ಯಾರದ್ದು ಮುಚ್ಚಬೇಕು ಎಲ್ಲ ಅವರ ಕೈಯಲ್ಲಿ.

ನನ್ನ ಸರದಿ ಬಂತು. ನಾನು ಕಕ್ಕಸು ಎಂದೇ ಶುರು ಮಾಡಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಇರುವ ಸರಳ ಮಾತಿನಲ್ಲೇ ಹೇಳಿದೆ. ಕಮೋಡಿನ ಮುಚ್ಚಳ, ಫಿನಾಯಿಲ್ ನೀರು, ಹಳದಿ ಚೀಟಿ, ಮೀನಿನ ಸಾರು, ಟೇಬಲ್ ಟೆನಿಸ್, ಒಂದನ್ನೂ ಬಿಡಲಿಲ್ಲ. ಮಗಳ ಮಾತು ಬಂದಾಗ ಅಳು ಬಂತು. ಬೇಡವೆಂದರೂ ಬಂತು, ಕೋಚ್ ತೋರಿಸಿದ ಜಾಗದಲ್ಲಲ್ಲ. ದುಪಟ್ಟಾದಲ್ಲಿ ಮೂಗು ಒರೆಸಿಕೊಂಡೆ. ಕೊನೆಯಲ್ಲಿ ಕೈ ಮುಗಿದು, ನನಗೂ ನನ್ನ ಹಿಂದೆ ಬರುವವರಿಗೂ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಕೊಡಿ ಎಂದು ಕೇಳಿದೆ. ಪರದೆಯ ತುಂಬ ಕೆಂಪು ಹೃದಯಗಳು ತೇಲಿದವು. ಎಂಥ ಸ್ಫೂರ್ತಿ, ಎಂಥ ಧೈರ್ಯ ಎಂದು ಊರೂರಿನಿಂದ ಬರೆದರು. ನನ್ನ ಎದೆ ಹಗುರಾಯಿತು. ಸಂಜೆ ಕ್ಯಾಬಿನಲ್ಲಿ ಕೂತಾಗ, ನಾಳೆ ಆ ಕುರ್ಚಿ ಎಲ್ಲಿ ಹಾಕುತ್ತಾರೋ ಎಂದು ಯೋಚಿಸುತ್ತಿದ್ದೆ.

ಮನೆಯಲ್ಲಿ ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ನನ್ನ ಗಂಡ ಬೆಳಿಗ್ಗೆಯೇ ಕಂಪ್ಯೂಟರಿನಲ್ಲಿ ಲಿಂಕ್ ಹಾಕಿಟ್ಟು ಹೋಗಿದ್ದರು. ಅತ್ತೆಗೆ ಇಂಗ್ಲಿಷ್ ಬಾರದಿದ್ದರೂ ಸೊಸೆಯ ಮುಖ ನೋಡುವ ಆಸೆ.

"ನೋಡಿದ್ರಾ ಅತ್ತೆ?" ಎಂದೆ.

ಮಗುವನ್ನು ನನ್ನ ಕೈಗೆ ಕೊಟ್ಟು, "ಮೊದ್ಲು ಆಲು ಕುಡ್ಸು" ಎಂದರು. ಕುಡಿಸಿ ಮುಗಿಸಿದ ಮೇಲೆ ಹೇಳಿದರು.

"ನಿನ್ ಬಾಯಿ ಆಡ್ತಾ ಇತ್ತು ಕಣವ್ವ. ಮಾತು ಮಾತ್ರ ಇನ್ಯಾರ್ದೋ ಬತ್ತಿತ್ತು. ಯಾರೋ ಇಬ್ರು ಎಂಗುಸ್ರುದು, ಕನ್ನಡದಲ್ಲಿ."

ಆಗಿದ್ದು ಇಷ್ಟು. ಕಕ್ಕಸು ಎನ್ನುವ ಮಾತು ಬಂದ ಕೂಡಲೇ ಪಕ್ಕದ ಕೋಣೆಯವರು ನನ್ನ ಮೈಕು ಮುಚ್ಚಿದ್ದರು. ಆ ಗಡಿಬಿಡಿಯಲ್ಲಿ ತಮ್ಮ ಮೈಕು ತೆರೆದಿರುವುದನ್ನು ನೋಡಲಿಲ್ಲ. ಪರದೆಯ ಮೇಲೆ ನನ್ನ ಮುಖ, ಅದರ ಬಾಯಿಂದ ಅವರ ಮಾತು. ಹೊರಗಿನ ಊರಿನವರಿಗೆ ಕನ್ನಡ ಬಾರದು. ಅವರ ಪಾಲಿಗೆ ಅದು ಬರೀ ಗುಜುಗುಜು ಸದ್ದು. ಅತ್ತೆಗೆ ಬರುತ್ತದಲ್ಲ. ಒಂದೊಂದು ಮಾತೂ ನೆನಪಿಟ್ಟುಕೊಂಡಿದ್ದರು.

"ಚೀ, ಉಂಡ ಒಟ್ಟೇಲಿ ಇದನ್ನ ಕೇಳ್ಬೇಕಾ ಅಂದ್ಲು ಒಬ್ಳು. ಇನ್ನೊಬ್ಳು, ಇವ್ಳು ಪ್ರಿಜ್ಜಲ್ಲಿ ಮಡಗ್ತಿದ್ಲಲ್ಲ, ಅದ್ಕೇ ಚೀಟಿ ಅಂಟಿಸ್ದೆ, ಆವತ್ತಿಂದ ನಾನು ಅದ್ರಲ್ಲಿ ನೀರೂ ಮಡಗಿಲ್ಲ ಅಂದ್ಲು. ಆಮೇಲೆ ನೀನು ಅಳಕ್ಕೆ ಸುರು ಮಾಡ್ದೆ. ಆಗ ಮೊದ್ಲನೆಯೋಳು, ಅಳ್ತಾವ್ಳೆ, ಚೆನ್ನಾಗಿ ಬತ್ತಾ ಅದೆ, ಮುಖ ತೆಗೀಬ್ಯಾಡ ಅಂದ್ಲು."

ನನಗೆ ಮೈಯೆಲ್ಲ ಉರಿಯಿತು. ಸ್ನಾನದ ಮನೆಗೆ ಹೋಗಿ ಮುಖ ತೊಳೆದುಕೊಂಡೆ, ಹೋಗಲಿಲ್ಲ ಆ ಜಿಗುಟು. ಮಾತು ಬೇಡ, ಅಳುವ ಮುಖ ಬೇಕು. ಹಾಲು ಹೇಸಿಗೆ, ಹಾಲಿನ ಹೆಸರಿನಲ್ಲಿ ಸುರಿಯುವ ಕಣ್ಣೀರು ಚೆಂದ. ನನ್ನ ಒಂದು ಮಾತೂ ಕಿವಿಗೆ ಬೀಳದ ಜನ ನನ್ನಿಂದ ಸ್ಫೂರ್ತಿ ಪಡೆದು ಹೃದಯ ಕಳಿಸಿದ್ದರಲ್ಲ, ಅವರನ್ನು ನೆನೆದರೆ ಇನ್ನೂ ವಾಕರಿಕೆ.

ಅತ್ತೆ ಹೊರಗಿನಿಂದಲೇ ಗೊಣಗುತ್ತಿದ್ದರು. "ಆಲು ಅಂದ್ರೆ ಅಸಹ್ಯವಂತಾ ಅವ್ರಿಗೆ? ಎಮ್ಮೇದು ಆದ್ರೆ ಕಾಪಿಗೆ ಆಯ್ತದೆ, ಎಮ್ಮೆಗೂ ಮೈಯಿಂದ್ಲೇ ಬರಾದು."

ಮಾರನೇ ದಿನ ಆಫೀಸಿನಲ್ಲಿ ಸಭಾಂಗಣದಲ್ಲಿ ಕೂತು ಕೇಳಿಸಿಕೊಂಡಿದ್ದ ಕನ್ನಡದವರು ಕಾಫಿ ಮೆಷಿನ್ನಿನ ಹತ್ತಿರ ನನ್ನನ್ನು ಕಂಡು ತಮ್ಮ ಮೊಬೈಲು ನೋಡಿಕೊಂಡರು. ಸಂಬಳ ಏರಿಸುವ ಅಪ್ರೈಸಲ್ ಹತ್ತಿರವಿತ್ತು, ಯಾರಿಗೂ ಏನೂ ಕೇಳಿಸಿರಲಿಲ್ಲ. ತಾಂತ್ರಿಕ ತೊಂದರೆಗೆ ವಿಷಾದವಿದೆ ಎಂದು ಎಲ್ಲರಿಗೂ ಮೇಲ್ ಬಂತು. ಜೊತೆಗೆ ನನ್ನ ಅಳುವ ಮುಖದ ಫೋಟೊ. ನಾನು ಎಚ್‌ಆರ್ ಮೇಡಂ ಎದುರು ಹೋಗಿ ನಿಂತೆ.

"ನೀವು ಚೀಟಿ ಅಂಟಿಸಿದ್ದು ನಮ್ಮತ್ತೆಗೂ ಗೊತ್ತಾಯ್ತು ಮೇಡಂ. ರೂಮ್ ಯಾವಾಗ ಕೊಡ್ತೀರಿ?"

ಅವರ ಮುಖ ಸಣ್ಣದಾಯಿತು. "ಮ್ಯಾನೇಜ್‌ಮೆಂಟ್ ಜೊತೆ ಮಾತಾಡ್ತಿದೀನಿ ಕಣ್ರೀ, ನಂಬಿ ನನ್ನ" ಎಂದರು.

ನಂಬದೆ ಬೇರೆ ದಾರಿ ಇರಲಿಲ್ಲ. ಯುಗಾದಿ ಹೋಯಿತು, ಮಳೆಗಾಲ ಹೋಯಿತು, ಗಣೇಶನನ್ನೂ ಬಿಟ್ಟಾಯಿತು. ನಾನು ಅದೇ ಮುಚ್ಚಳದ ಮೇಲೆ ಕೂರುತ್ತಿದ್ದೆ. ಹೊರಗೆ ಯಾರೋ ಬಾಗಿಲು ತಟ್ಟಿದರೆ ಹಾಲು ಇಳಿಯುತ್ತಿರಲಿಲ್ಲ. ದಿನದಿನಕ್ಕೆ ಕಡಿಮೆಯಾಗುತ್ತಾ ಬಂದು ಒಂದು ವಾರ ಡಬ್ಬಿಯ ತಳವೂ ಮುಚ್ಚಲಿಲ್ಲ. ಆಮೇಲೆ ನಿಂತೇ ಹೋಯಿತು. ಮಗಳು ರಾಗಿ ಸರಿಗೆ, ಡಬ್ಬಿಯ ಹಾಲಿಗೆ ಒಗ್ಗಿಕೊಂಡಳು. ರಾತ್ರಿ ಎದೆಗೆ ಮುಖ ಒತ್ತಿ, ಏನೂ ಸಿಗದೆ ನನ್ನ ಮುಖ ನೋಡುವಳು. ಆ ನೋಟಕ್ಕಾಗಿ ನಾನು ಯಾರನ್ನೂ ಕ್ಷಮಿಸಿಲ್ಲ.

ದೀಪಾವಳಿಗೆ ಸ್ವಲ್ಪ ಮೊದಲು ಕೋಣೆ ಬಂತು. ಅದರ ಉದ್ಘಾಟನೆಗೂ ಲೈವ್. ನಾನೇ ರಿಬ್ಬನ್ ಕತ್ತರಿಸಿ, ನನ್ನ ಕಥೆಯನ್ನು ಇನ್ನೊಮ್ಮೆ, ಈ ಸಲ ಗೆಲುವಿನ ಸಮೇತ ಹೇಳಬೇಕಂತೆ. ಮನೆಗೆ ಬಂದು ಹೇಳಿದೆ.

"ಊರು ಕೊಳ್ಳೆ ಒಡೆದ ಮ್ಯಾಲೆ ಕೋಟೆ ಬಾಗ್ಲಾಕುದ್ರು" ಎಂದರು ಅತ್ತೆ. "ಓಗು, ಓಗಿ ನೋಡ್ಕಂಡ್ ಬಾ. ಬಾಗ್ಲಾದ್ರೂ ಸರ್ಯಾಗಿ ಮಡಗವ್ರಾ ಅಂತ."

ಬಾಗಿಲು ಸರಿಯಾಗಿಯೇ ಇತ್ತು, ಮರದ್ದು. ಒಳಗೆ ಸೋಫಾ, ಪುಟ್ಟ ಫ್ರಿಜ್ಜು, ಕೂರಲು ಜಾಗವಿಲ್ಲದಷ್ಟು ನೇರಳೆ ಬಲೂನು. ಗೋಡೆಯ ಮೇಲೆ ನಾನು ಯಾವತ್ತೂ ಆಡದ ಇಂಗ್ಲಿಷ್ ಮಾತೊಂದನ್ನು ನನ್ನ ಮಾತೆಂದು ಬರೆಸಿದ್ದರು. ಕ್ಯಾಮೆರಾ ಹೊರಗೆ ಕಾರಿಡಾರಿನಲ್ಲಿ, ರಿಬ್ಬನ್ ಕಟ್ಟಿದ ಬಾಗಿಲಿಗೆ ಎದುರಾಗಿ ನಿಂತಿತ್ತು. ಕೋಚ್ ಒಳಗೆ ಬಲೂನು ಸರಿಪಡಿಸುತ್ತಿದ್ದಳು. ಲೈವ್ ಶುರುವಾಗಿತ್ತು, ಎಚ್‌ಆರ್ ಮೇಡಂ ಕ್ಯಾಮೆರಾ ಪಕ್ಕ ನಿಂತು ಶುರು ಮಾಡಿ ಎಂದು ನನ್ನತ್ತ ಬೆರಳಾಡಿಸಿದರು.

ಅಷ್ಟರಲ್ಲಿ ಒಬ್ಬಳು ಹುಡುಗಿ ಬಂದಳು. ಟೆಸ್ಟಿಂಗ್ ಟೀಮಿನವಳು, ಬಾಣಂತನದ ರಜೆ ಮುಗಿಸಿ ಅದೇ ವಾರ ವಾಪಸು ಬಂದಿದ್ದವಳು. ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ಚೀಲದ ಅಂಚಿನಲ್ಲಿ ಕುರ್ತಾ ಒದ್ದೆಯಾಗಿದ್ದು ಕಾಣುತ್ತಿತ್ತು.

"ಮೇಡಂ, ರೂಮ್ ರೆಡಿ ಇದೆ ಅಂದ್ರು" ಎಂದಳು ಮೆಲ್ಲಗೆ.

"ಹತ್ ನಿಮಿಷ ತಡಿಯಮ್ಮ" ಎಂದು ಎಚ್‌ಆರ್ ಮೇಡಂ ಪಿಸುಗುಟ್ಟಿದರು. "ಲೈವ್ ಹೋಗ್ತಿದೆ. ಇವರ ಸ್ಟೋರಿ ಮುಗೀಲಿ."

ಹುಡುಗಿ ತಲೆಯಾಡಿಸಿ ಟಾಯ್ಲೆಟ್ಟಿನ ಕಡೆ ತಿರುಗಿದಳು.

ನನಗೆ ಏನಾಯಿತೋ. ಅವಳ ತೋಳು ಹಿಡಿದು ನಿಲ್ಲಿಸಿದೆ. ಆ ರಿಬ್ಬನ್ನನ್ನು ಕೈಯಿಂದಲೇ ಕಿತ್ತು ಬಿಸಾಕಿದೆ. "ಬಲೂನ್ ಸಮೇತ ಆಚೆ ಬನ್ನಿ" ಎಂದು ಕೋಚಿಗೆ ಹೇಳಿದೆ. ಹೇಳಿದ ರೀತಿ ಹೇಗಿತ್ತೋ, ಅವಳು ಎರಡು ಬಲೂನು ಹಿಡಿದುಕೊಂಡೇ ಹೊರಗೆ ಬಂದಳು. ಹುಡುಗಿಯನ್ನು ಒಳಗೆ ಕಳಿಸಿ ಬಾಗಿಲು ಎಳೆದೆ.

"ಮಾತಾಡಿ, ಏನಾದ್ರೂ ಮಾತಾಡಿ, ಎಲ್ರೂ ನೋಡ್ತಿದಾರೆ" ಎಂದು ಎಚ್‌ಆರ್ ಮೇಡಂ ಕ್ಯಾಮೆರಾ ಹಿಂದಿನಿಂದ ಕೈ ಕೈ ಹಿಸುಕಿಕೊಂಡರು. ಈ ಸಲ ನನ್ನ ಮೈಕು ತೆರೆದಿತ್ತು. ನಾನು ಮಾತಾಡಲಿಲ್ಲ, ಅಳಲೂ ಇಲ್ಲ. ಒಳಗಿದ್ದವಳಿಗೆ ಎಷ್ಟು ಹೊತ್ತು ಬೇಕಾಯಿತೋ ಅಷ್ಟು ಹೊತ್ತೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ನನ್ನ ಕಥೆ ಕೇಳಲು ಊರೂರಿನಲ್ಲಿ ಕೂತಿದ್ದವರೆಲ್ಲ ಅಲ್ಲಿಯವರೆಗೂ ಮುಚ್ಚಿದ ಬಾಗಿಲನ್ನು ನೋಡುತ್ತಾ ಕೂತರು.