ದನಿ ಇಲ್ಲದ ತಂತಿ

ಅವರ ಎಡಗಿವಿ ಬಲಗಿವಿಯಂತೆ ಇರಲಿಲ್ಲ. ಮೇಲಿನ ಅಂಚು ತಲೆಗೆ ಒತ್ತಿಕೊಂಡು, ಹಾಲೆ ಚಪ್ಪಟೆಯಾಗಿ, ಅಲ್ಲಿನ ಚರ್ಮ ಸವೆದ ನಾಣ್ಯದ ಹಾಗೆ ನುಣ್ಣಗಾಗಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಕೂತದ್ದರ ಗುರುತು ಅದು. ಯಾರು ಮಾತಾಡಿದರೂ ಆ ಕಿವಿಯನ್ನೇ ಮುಂದೆ ಮಾಡಿ, ಕಣ್ಣು ಅರ್ಧ ಮುಚ್ಚಿ ಕೇಳುತ್ತಿದ್ದರು. ನಾನು ಕೆಲಸ ಕೇಳಲು ಹೋದ ದಿನವೂ ಹಾಗೇ ಕೂತಿದ್ದರು. ಮುದುಕ ನಿದ್ದೆ ಹೊಡೆಯುತ್ತಿದ್ದಾನೆ ಎಂದುಕೊಂಡು ನಾನು ದನಿ ಏರಿಸಿದೆ. "ಒದರಬ್ಯಾಡಬೇ, ಕೇಳಾಕತ್ತೇನಿ," ಎಂದರು.

ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಅಂದೆ. ಜೋರಾಪುರ ಪೇಟೆಯಲ್ಲಿ ಹಿತ್ತಾಳೆ ಸಾಮಾನಿನ ಅಂಗಡಿಯ ಮೇಲಿನ ಖೋಲಿಯಲ್ಲಿ ಅವರ ಕಾರ್ಖಾನೆ. ಕಾರ್ಖಾನೆ ಅನ್ನುವುದು ಅವರದೇ ಮಾತು. ಇದ್ದದ್ದು ಮೂರು ಕಂಪ್ಯೂಟರು, ಒಂದು ದೊಡ್ಡ ಬ್ಯಾಟರಿ, ಎರಡು ಕುರ್ಚಿ. ನಿವೃತ್ತರಾದ ಮೇಲೆ ಸರೀಕರೆಲ್ಲ ಗುಡಿಯ ಕಟ್ಟೆ ಹಿಡಿದರೆ ಇವರು ಇಂಗ್ಲಿಷ್ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮೀಡಿಯಾ ಸರ್ವರ್ ನಡೆಸುವುದನ್ನು ಕಲಿತಿದ್ದರು. ನಮ್ಮೂರಿನ ಒಂದು ಆಸ್ಪತ್ರೆಯವರು ತಿಕೋಟಾ, ಬಬಲೇಶ್ವರ, ಕಳ್ಳಕವಟಗಿ ಕಡೆ ಸಣ್ಣ ಸಣ್ಣ ದವಾಖಾನೆ ತೆರೆದಿದ್ದರು. ಅಲ್ಲಿ ಒಬ್ಬ ನರ್ಸು, ಒಂದು ಟ್ಯಾಬು. ಡಾಕ್ಟರು ವಿಜಯಪುರದಲ್ಲೇ ಕೂತು ವಿಡಿಯೋದಲ್ಲಿ ರೋಗಿಗಳನ್ನು ನೋಡುತ್ತಿದ್ದರು. ಆ ಮಾತುಕತೆಯೆಲ್ಲ ಕಾಕಾನ ಸರ್ವರ್ ಹಾದು ಹೋಗುತ್ತಿತ್ತು.

ಡಿಪ್ಲೊಮಾ ಮುಗಿಸಿದ್ದರೂ ಅದರ ಒಳಗುಟ್ಟು ನನಗೆ ಗೊತ್ತಿರಲಿಲ್ಲ. ಕೇಳಿದೆ. "ನಮ್ಮ ಓಣಿಗೆ ನಳಾ ಬಿಡಾಕ ವಾಲ್ ತಿರುವಾಂವ ಬರ್ತಾನಲ್ಲ, ಹಂಗ ನೋಡು ಇದು," ಎಂದರು. "ಎಲ್ಲಾರ ದನಿ, ಎಲ್ಲಾರ ಚಿತ್ರ ಮೊದಲ ಇದರ ಹಂತೇಕ ಬರ್ತಾವು. ಯಾರ ಕಡೆ ಎಷ್ಟು ಬಿಡಬೇಕು, ಯಾರದು ಬಂದ್ ಮಾಡಬೇಕು, ಇದು ಠರಾಯಸ್ತೈತಿ. ವಾಲ್ ತಿರುವಾಂವ ಮನಸ ಮಾಡಿದ್ರ ಒಂದ ಓಣಿ ಪೂರಾ ಒಣಗಸಬಹುದು ಮತ್ತ!"

ಹಳ್ಳಿಗಳ ಲೈನು ಸಪೂರ. ಎಲ್ಲರ ಚಿತ್ರವನ್ನೂ ಒಟ್ಟಿಗೆ ಬಿಟ್ಟರೆ ಎಲ್ಲವೂ ತಡವರಿಸಿ ನಿಲ್ಲುತ್ತಿತ್ತು. ಅದಕ್ಕೆ ಕಾಕಾ ಹುಡುಕಿದ ಉಪಾಯ ಅವರ ಹಳೆಯ ನೌಕರಿಯಿಂದ ಬಂದದ್ದು. ಎಕ್ಸ್‌ಚೇಂಜಿನ ಹಲಗೆಯ ಮುಂದೆ ಕೂತವರು ಇಬ್ಬರಿಗೆ ತಂತಿ ಜೋಡಿಸಿ, ನಡುನಡುವೆ ಕಿವಿಗೊಟ್ಟು ನೋಡಬೇಕು. ಎರಡೂ ಕಡೆ ದನಿ ಇಲ್ಲದಿದ್ದರೆ ತಂತಿ ಕಿತ್ತು ಕಾಯುತ್ತಿರುವವರಿಗೆ ಕೊಡಬೇಕು. ದನಿ ಇಲ್ಲದ ತಂತಿ ಖಾಲಿ ತಂತಿ: ಇದು ಅವರಿಗೆ ಹಿರಿಯ ಆಪರೇಟರು ಕಲಿಸಿದ ಮೊದಲ ಪಾಠ. ಸರ್ವರ್‌ನಲ್ಲೂ ಅದನ್ನೇ ಇಟ್ಟರು. ಕೂಡಿದವರಲ್ಲಿ ಯಾರು ಮಾತಾಡುತ್ತಾರೋ ಅವರ ಚಿತ್ರಕ್ಕೆ ದಾರಿ. ಕೆಲವು ಕ್ಷಣ ಸದ್ದಿಲ್ಲದಿದ್ದರೆ ಅವರ ಚಿತ್ರ ನಿಲ್ಲುತ್ತದೆ, ಕೊನೆಗೆ ಕಂಡದ್ದೇ ಪರದೆಯ ಮೇಲೆ ಉಳಿಯುತ್ತದೆ. ಅಂದಿನಿಂದ ಕಳ್ಳಕವಟಗಿಯ ಲೈನು ಎಣ್ಣೆ ಹಾಕಿದ ಬಂಡಿಯಂತೆ ಓಡಿತು. "ಗೋಳಗುಮ್ಮಟದಾಗ ಪಿಸುಗುಟ್ಟಿದ್ದು ಕೇಳಸ್ತೈತಿ ಅಂತ ಹೇಳ್ತಾರ ಮಂದಿ. ನಮ್ಮದರಾಗ ಉಸುರು ಬಿಟ್ಟಿದ್ದೂ ಕೇಳಸ್ತೈತಿ ನೋಡ್ರಿ!" ಎಂದು ಬಂದವರೆದುರು ಎದೆ ಉಬ್ಬಿಸುತ್ತಿದ್ದರು. ನಾನೂ ಭೇಷ್ ಅಂದವಳೇ. ಸುಳ್ಳು ಯಾಕೆ ಹೇಳಲಿ.

ಇಲ್ಲಿ ನನ್ನ ಅಕ್ಕನ ಬಗ್ಗೆ ಹೇಳಬೇಕು. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬಂದಿಲ್ಲ. ನನಗೆ ಇಬ್ಬರಿಗಾಗುವಷ್ಟು ಬಾಯಿ. 'ಬಾಯಿ ಇದ್ದವರು ಬರಗಾಲದಾಗೂ ಬದುಕ್ತಾರ' ಎಂದು ಅವ್ವ ನನ್ನನ್ನು ನೋಡಿ ಅಂದಾಗೆಲ್ಲ ಅಕ್ಕನ ಕಡೆ ನೋಡಿ ಸುಮ್ಮನಾಗುತ್ತಿದ್ದಳು. ಅನ್ನ, ನೀರು, ಸಿಟ್ಟು, ಚಾಡಿ, ಎಲ್ಲದಕ್ಕೂ ನಾವಿಬ್ಬರು ಕೈಸನ್ನೆ ಕಟ್ಟಿಕೊಂಡಿದ್ದೆವು. ಅದು ಯಾವ ಶಾಲೆಯದೂ ಅಲ್ಲ, ನಮ್ಮ ಹಿತ್ತಲಿನದು. ಅವಳನ್ನು ಕಳ್ಳಕವಟಗಿಗೆ ಕೊಟ್ಟೆವು. ಭಾವ ಒಳ್ಳೆಯವನು, ದ್ರಾಕ್ಷಿ ತೋಟದ ಕೆಲಸಗಾರ. ಎಂಟು ವರ್ಷದ ಮೇಲೆ ಅಕ್ಕ ಬಸುರಾದಳು.

ಅಲ್ಲಿನ ದವಾಖಾನೆಯಿಂದ ಅವಳನ್ನು ಡಾಕ್ಟರ್ ಮೇಡಂ ನೋಡುವಾಗ ನಾನು ಪೇಟೆಯ ಖೋಲಿಯಿಂದ ಮೂರನೆಯವಳಾಗಿ ಕೂಡಿಕೊಳ್ಳುತ್ತಿದ್ದೆ. ಮೇಡಂ ಕೇಳಿದ್ದನ್ನು ಕೈಯಲ್ಲಿ ಅಕ್ಕನಿಗೆ, ಅಕ್ಕ ಹೇಳಿದ್ದನ್ನು ಬಾಯಲ್ಲಿ ಮೇಡಂಗೆ. ಪ್ರತಿ ಸಲ ನರ್ಸು ಅಕ್ಕನ ಪಕ್ಕ ಕೂತು ವಟವಟ ಮಾತಾಡುತ್ತಿದ್ದುದರಿಂದ ಆ ಕಡೆಯ ಚಿತ್ರ ನಿಲ್ಲುತ್ತಲೇ ಇರಲಿಲ್ಲ. ಎಂಟನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ, ಯಾರದೋ ಕೈಗೆ ಕುಡುಗೋಲು ಬಡಿದು ರಕ್ತ ಸೋರುತ್ತಿದೆ ಎಂದು ನರ್ಸು ಹೊರಗೆ ಓಡಿದಳು. ಅಕ್ಕ ಒಬ್ಬಳೇ ಟ್ಯಾಬಿನ ಮುಂದೆ ಉಳಿದಳು.

"ಮತ್ತೇನರೆ ತ್ರಾಸ ಐತೇನು ಕೇಳ್ರಿ," ಅಂದರು ಮೇಡಂ. ಕೇಳಿದೆ. ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದಳು, ತುಟಿಯಲ್ಲಿ ಸಣ್ಣ ನಗು. ಮತ್ತೊಮ್ಮೆ ಕೇಳಿದೆ. ಹಾಗೇ ಇದ್ದಳು. ಅವಳು ಸ್ವಭಾವತಃ ಸಮಾಧಾನದವಳು, ಎಷ್ಟೋ ಹೊತ್ತು ಮಿಸುಕದೆ ಕೂರುತ್ತಾಳೆ. "ಏನಿಲ್ಲಂತರಿ," ಅಂದೆ. ಮೇಡಂ ಮುಂದಿನ ರೋಗಿಯನ್ನು ಕರೆದರು.

ಮರುದಿನ ಬೆಳಿಗ್ಗೆ ಅಕ್ಕ ಭಾವನ ಫೋನಿನಿಂದ ನನಗೆ ವಿಡಿಯೋ ಕಾಲ್ ಮಾಡಿದಳು. ಇಬ್ಬರ ನಡುವಿನ ಸಾದಾ ವಿಡಿಯೋ ಕಾಲ್‌ಗೆ ಸರ್ವರಿನ ಆ ಕಟ್ಟಳೆ ಇಲ್ಲ. ಡಾಕ್ಟರು ಏನೂ ಹೇಳಲಿಲ್ಲವಾ, ಎಂದು ಕೈಯಲ್ಲಿ ಕೇಳಿದಳು. ಯಾವುದರ ಬಗ್ಗೆ, ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಮೊನ್ನೆಯಿಂದ ಕೂಸು ಒದೆಯುತ್ತಿಲ್ಲ, ನಿನ್ನೆ ಎರಡು ಸಲ ಹೇಳಿದೆನಲ್ಲ, ನೀನು ತಲೆ ಆಡಿಸಿದೆಯಲ್ಲ.

ಅಯ್ಯೋ ದೇವರೇ! ಭಾವನನ್ನು ಫೋನಿಗೆ ಕರೆದು, ಈಗಲೇ ಹೊರಡು ಎಂದೆ. ಭಾವ ಯಾರದೋ ಜೀಪು ಹಿಡಿದು ವಿಜಯಪುರಕ್ಕೆ ಕರೆತಂದ. ಮಧ್ಯಾಹ್ನದೊಳಗೆ ಆಪರೇಷನ್ ಆಯಿತು. ಹೆಣ್ಣು ಕೂಸು, ಅಳುವುದಕ್ಕೂ ಶಕ್ತಿ ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಟ್ಟರು, ಬದುಕಿತು. ಇನ್ನರ್ಧ ದಿನ ತಡವಾಗಿದ್ದರೆ ಕೂಸು ಉಳಿಯುತ್ತಿರಲಿಲ್ಲ ಎಂದರು ಮೇಡಂ.

ಆಸ್ಪತ್ರೆಯಿಂದ ನೇರ ಜೋರಾಪುರ ಪೇಟೆಗೆ ಹೋಗಿ ಮೆಟ್ಟಿಲಿನಿಂದಲೇ ಶುರು ಮಾಡಿದೆ. "ನಮ್ಮಕ್ಕನ ಬಾಯಿಗೆ ದೇವರು ಹಾಕಿದ್ದು ಒಂದ ಬೀಗ ಸಾಲಲಿಲ್ಲ ಅಂತ ಆಕಿ ಕೈಗೂ ನೀವು ಬೀಗ ಹಾಕೀರಿ!" ಎಂದೆ. ಇನ್ನೂ ಏನೇನೋ ಅಂದೆ. ಕೆಳಗಿನ ಅಂಗಡಿಯವರು ಹಿತ್ತಾಳೆ ಬಡಿಯುವುದನ್ನು ಬಿಟ್ಟು ಮೇಲೆ ನೋಡಿದರು. ನನ್ನ ಉಸಿರು ಮುಗಿದ ಮೇಲೆ ಕಾಕಾ ಒಂದು ಕಂಪ್ಯೂಟರ್ ಮುಂದೆ ನನ್ನನ್ನು ಕೂರಿಸಿ, "ಬಾಯಿ ಮುಚ್ಚಿ ಕೈ ಅಷ್ಟ ಆಡಸು," ಎಂದರು. ತಾವು ಇನ್ನೊಂದರ ಮುಂದೆ ಕೂತು ಎಣಿಸಿದರು. ಎಂಟು ಎಣಿಸುವುದರಲ್ಲಿ ನನ್ನ ಚಿತ್ರ ನಿಂತಿತು. ನಾನು ಇತ್ತ ಕೈ ಬೀಸುತ್ತಲೇ ಇದ್ದೆ. ಅವರ ಪರದೆಯ ಮೇಲೆ ನಾನು, ಎರಡು ಸನ್ನೆಯ ನಡುವೆ ಕೈ ಇಳಿಸಿದ ಗಳಿಗೆಯಲ್ಲೇ ಉಳಿದು, ತೆಪ್ಪಗೆ ಕೂತಿದ್ದೆ.

ಅದನ್ನು ಬಹಳ ಹೊತ್ತು ನೋಡಿದರು. "ನಾನ ಕಿತ್ತೇನವ್ವಾ ತಂತಿ," ಎಂದರು.

ಆಗ ನನಗೆ ಅಳು ಬಂತು. ಏನಿಲ್ಲಂತ ಎಂದು ಮೇಡಂಗೆ ಹೇಳಿದವಳು ನಾನೇ ಅಲ್ಲವೇ? ಅಕ್ಕನ ಪರವಾಗಿ, ಅಕ್ಕ ಹೇಳದ ಮಾತನ್ನು, ಈ ಬಾಯಿಯಿಂದಲೇ. ಹಾಗೆಂದೆ.

"ನೀ ಕಂಡದ್ದ ಹೇಳಿದಿ. ಕಾಣಧಂಗ ಮಾಡಿದಾಂವ ನಾನು. ಅದನ್ನ ನೀ ಹೊರಬ್ಯಾಡ, ನನ್ನ ಹೆಗಲಮ್ಯಾಲಿಂದು ಅದು."

ಬರೀ ಮಾತಿಗೆ ಅಂದದ್ದಲ್ಲ. ಮರುದಿನ ಆಸ್ಪತ್ರೆಗೆ ಹೋಗಿ, ತಪ್ಪು ತನ್ನದು ಎಂದು ಮೇಡಂ ಮುಂದೆ ಒಪ್ಪಿಕೊಂಡರು. ಅಲ್ಲಿನ ಮ್ಯಾನೇಜರು, ನೆಟ್‌ವರ್ಕ್ ಇರಲಿಲ್ಲ ಎಂದು ಬರೆದುಬಿಡಿ, ಎಲ್ಲರೂ ಹಾಗೇ ಬರೆಯುತ್ತಾರೆ ಎಂದರಂತೆ. "ನೆಟ್‌ವರ್ಕ್ ಪಾಪ ಏನ್ ಮಾಡೇತ್ರಿ?" ಎಂದು ಕಾಕಾ ಎದ್ದು ಬಂದರು. ಪ್ರತಿ ದವಾಖಾನೆಗೂ ಕೈಬರಹದಲ್ಲಿ ಕಾಗದ ಬರೆದರು: ನಾನು ಹಾಕಿದ ಕಟ್ಟಳೆಯಿಂದ ಒಬ್ಬ ಹೆಣ್ಣುಮಗಳ ಮಾತು ಡಾಕ್ಟರಿಗೆ ಮುಟ್ಟಲಿಲ್ಲ, ನಿಮ್ಮಲ್ಲಿ ಹೀಗಾಗಿದ್ದರೆ ದಯವಿಟ್ಟು ತಿಳಿಸಿ. ಅದನ್ನು ಓದಿ, ಈ ಮುದುಕನಿಗೆ ಕೆಲಸವೇ ಗೊತ್ತಿಲ್ಲ ಎಂದು ನಕ್ಕವರೂ ಇದ್ದರು. ಬಬಲೇಶ್ವರದಿಂದ ಮಾತ್ರ ಒಂದು ಉತ್ತರ ಬಂತು. ಪಾರ್ಶ್ವವಾಯು ಬಡಿದು ಮಾತು ಹೋದ ಒಬ್ಬ ಅಜ್ಜನಿದ್ದಾನೆ, ಅವನೂ ಪ್ರತಿ ಸಲ 'ಸುಮ್ಮನೆ' ಕೂರುತ್ತಿದ್ದ ಎಂದು. ಆ ಕಾಗದವನ್ನು ಕಾಕಾ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು.

ಕಟ್ಟಳೆ ಬದಲಾಯಿತು. ಮಾತಿಲ್ಲದವರ ಚಿತ್ರಕ್ಕೆ ಮೊದಲ ದಾರಿ, ಲೈನು ಸಾಲದಿದ್ದರೆ ನಮ್ಮಂಥ ಬಾಯಿಬಡುಕರ ಚಿತ್ರ ನಿಲ್ಲಲಿ. ಇನ್ನೊಂದು, ಯಾರ ಚಿತ್ರ ನಿಂತರೂ ಹಳೆಯ ಮುಖ ಪರದೆಯ ಮೇಲೆ ಉಳಿಯಕೂಡದು. ಪರದೆ ಕಪ್ಪಾಗಿ, 'ಚಿತ್ರ ನಿಂತಿದೆ, ಮತ್ತೆ ಕೇಳಿ' ಎಂದು ಅಕ್ಷರ ಬರಬೇಕು. ನೋಡಲು ಚೆನ್ನಾಗಿಲ್ಲ ಎಂದು ಆಸ್ಪತ್ರೆಯವರು ತಕರಾರು ತೆಗೆದರು. "ನಿಂತ ಚಿತ್ರ ಸುಳ್ಳು ಹೇಳ್ತೈತ್ರಿ. ಕರೀ ಪರದಿ ಖರೆ ಹೇಳ್ತೈತಿ," ಎಂದು ಕಾಕಾ ಜಗ್ಗಲಿಲ್ಲ. ಇಟ್ಟಂಗಿಹಾಳದಲ್ಲಿ ಹೊಸ ದವಾಖಾನೆ ಕೂಡಿಸುವಾಗ, ಕರೆಂಟು ಹೇಗಿದೆ, ಲೈನು ಹೇಗಿದೆ ಎಂದು ಕೇಳುವ ಮೊದಲು, "ನಿಮ್ಮೂರಾಗ ಬಾಯಿಲೆ ಮಾತಾಡಲಾರದವರು ಯಾರರೆ ಅದಾರೇನ್ರಿ?" ಎಂದು ಕೇಳಿದರು. ಈಗ ನಾನೂ ಅದನ್ನೇ ಮೊದಲು ಕೇಳುತ್ತೇನೆ.

ಅಷ್ಟಕ್ಕೂ ಅವರಿಗೆ ಸಮಾಧಾನವಾಗಲಿಲ್ಲ. ಅಕ್ಕ ಬಾಣಂತನ ಮುಗಿಸಿ ಹೋದ ಮೇಲೆ, ಭಾನುವಾರ ಭಾನುವಾರ ಬಸ್ಸು ಹಿಡಿದು ಕಳ್ಳಕವಟಗಿಗೆ ಹೋಗತೊಡಗಿದರು. ಯಾಕೆ? ಸನ್ನೆ ಕಲಿಯಲು! ಮೊದಲ ದಿನ ಅಕ್ಕನ ಮುಂದೆ ಕೈ ಮುಗಿದು ಕೂತರಂತೆ. ಅಕ್ಕ ಕೂಸನ್ನು ತಂದು ಅವರ ತೊಡೆಯ ಮೇಲೆ ಹಾಕಿ ಒಳಗೆ ಚಹಾ ಮಾಡಲು ಹೋದಳಂತೆ. ಅವಳ ಕ್ಷಮೆ ಅಂದರೆ ಹಾಗೆಯೇ. ನಾನಾಗಿದ್ದರೆ ಇನ್ನೊಂದು ವರ್ಷ ಬೈಯುತ್ತಿದ್ದೆ.

ಆದರೆ ಕಲಿಸುವಾಗ ಅಕ್ಕ ಕಠಿಣ. ಅವರ ಬೆರಳು ಮೋಟು, ಗಂಟು ಗಂಟು, ಹೇಳಿದಂತೆ ಬಾಗುತ್ತಿರಲಿಲ್ಲ. ತಪ್ಪಿದರೆ ಅಕ್ಕ ಮಣಿಕಟ್ಟಿಗೆ ಪಟ್ಟನೆ ಹೊಡೆಯುತ್ತಿದ್ದಳು. ಒಮ್ಮೆ ರೊಟ್ಟಿ ಸಾಕು ಎನ್ನಲು ಹೋಗಿ ಏನು ಮಾಡಿದರೋ, ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಬಿದ್ದು ಬಿದ್ದು ನಕ್ಕಳು. ಏನಂದರು ಎಂದು ನನಗೆ ಇವತ್ತಿಗೂ ಹೇಳಿಲ್ಲ. ಕಾಕಾನ ಹೆಂಡತಿ ನನ್ನನ್ನು ಕಂಡಾಗ ದೂರು ಹೇಳುತ್ತಿದ್ದರು: "ನಲವತ್ತು ವರ್ಸ ನನ್ನ ಕೂಡ ಹೂಂ ಅಂದ್ರ ಹೂಂ, ಉಹೂಂ ಅಂದ್ರ ಉಹೂಂ. ಈಗ ನೋಡಬೇ, ಗ್ವಾಡಿ ಕೂಡ ಕೈ ತಿರುವಿ ಮಾತಾಡಾಕತ್ತಾನ ಮುದುಕ!" ಎರಡು ವರ್ಷದಲ್ಲಿ ಕಾಕಾ ಅಕ್ಕನ ಜೊತೆ ಬೀಗರ ಚಾಡಿ ಹೇಳುವಷ್ಟು ಕಲಿತರು. ಕೂಸು ಅವರ ಮೀಸೆ ಹಿಡಿದು ನಿಲ್ಲಲು ಕಲಿಯಿತು.

ಈ ಸಲದ ಚಳಿಗಾಲದಲ್ಲಿ ಅವರ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಇನ್ನು ಮಾಡುವುದೇನೂ ಇಲ್ಲ ಎಂದಾಗ ಮನೆಗೆ ಹೋಗುತ್ತೇನೆ ಎಂದು ಹಟ ಹಿಡಿದರು. ಮನೆಯಲ್ಲಿ ಹದಿನೈದು ದಿನ ಇದ್ದರು. ದಿನಾ ಮಧ್ಯಾಹ್ನ ಮೇಡಂ ವಿಡಿಯೋದಲ್ಲಿ ನೋಡುತ್ತಿದ್ದರು, ನಾನು ಪೇಟೆಯ ಖೋಲಿಯಿಂದ ಜೋಡಿಸಿಕೊಡುತ್ತಿದ್ದೆ. ತೀರಿಕೊಳ್ಳುವ ಮೂರು ದಿನ ಮೊದಲಿನ ವಿಡಿಯೋ ಕಾಲ್ ಅನ್ನು ನಾನು ಮರೆಯಲಾರೆ.

ಮಂಚದ ಸುತ್ತ ಹೆಂಡತಿ, ಮಗ, ಸೊಸೆ, ಬೀಗರು ನಿಂತಿದ್ದರು. "ಏನರೆ ತ್ರಾಸ ಐತೇನ್ರಿ?" ಎಂದು ಮೇಡಂ ಕೇಳಿದರು.

"ಏನಿಲ್ರಿ. ಭಾಳ ಆರಾಮ ಅದೇನಿ," ಎಂದರು ಕಾಕಾ, ದನಿ ಗಟ್ಟಿ ಮಾಡಿಕೊಂಡು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಸಮಾಧಾನದ ಉಸಿರು ಬಿಟ್ಟರು. ಆಮೇಲೆ ಕೋಣೆಯಲ್ಲಿ ಸದ್ದಿಲ್ಲದಿದ್ದರೂ ಚಿತ್ರ ನಿಲ್ಲಲಿಲ್ಲ.

ಆಗ ಹೊದಿಕೆಯ ಮೇಲೆ ಅವರ ಬಲಗೈ ಎದ್ದಿತು. ಐದು ಬೆರಳು ಕೂಡಿಸಿ ಎದೆಗೆ ಎರಡು ಸಲ ತಟ್ಟಿದರು. ಅಕ್ಕನೂ ನಾನೂ ಸಣ್ಣವರಿದ್ದಾಗ ಕಟ್ಟಿಕೊಂಡ ಸನ್ನೆ. ಅಂಜಿಕೆ ಆಗಿದೆ ಎಂದು ಅರ್ಥ.

ಅವರ ಕಣ್ಣು ಕ್ಯಾಮೆರಾದ ಕಡೆ ಇತ್ತು. ನಾನು ಮೇಡಂಗೆ ಹೇಳಲು ಬಾಯಿ ತೆರೆದೆ. ಅವರು ತಲೆಯನ್ನು ಇಷ್ಟೇ ಇಷ್ಟು ಅಡ್ಡ ಆಡಿಸಿದರು. ಮಾತು ನುಂಗಿಕೊಂಡೆ. ಎರಡೂ ಕೈ ಎತ್ತಿ, ನಾನು ಇಲ್ಲೇ ಇದ್ದೇನೆ, ಕಾಣುತ್ತಿದೆ, ಹೇಳಿ ಎಂದೆ. ಮತ್ತೆ ಅವರ ಕೈ ಆಡಿತು.

"ಮುಗೀತಲ್ಲ? ಬಂದ್ ಮಾಡ್ರಿ ಹಂಗಾರ," ಎಂದರು ಮೇಡಂ.

"ತಡೀರಿ ಮೇಡಂ," ಎಂದೆ. "ಅವರ ಮಾತು ಇನ್ನಾ ಮುಗದಿಲ್ಲ."

ಮಂಚದ ಸುತ್ತ ನಿಂತವರೆಲ್ಲ ಬಗ್ಗಿ ಅವರ ಬಾಯಿಯನ್ನೇ ನೋಡತೊಡಗಿದರು.